‘ಶರಾವತಿ’ಯಲ್ಲಿ 62 ದಿನ

ಜೂನ್ ಎರಡನೇ ವಾರ. ಕೆನಡಾದ ವ್ಯಾಂಕೂವರ್ ದ್ವೀಪದ ಪೂರ್ವಕ್ಕೆ, ನನೈಮೋ ಊರಿನ ಹತ್ತಿರ ಡಾಡ್ ನ್ಯಾರೋಸ್ ಅಂತ ಒಂದು ಕಿರಿದಾದ ಕಡಲ ಸಂದಿ ಇದೆ. ನಮ್ಮ ದೋಣಿ ‘ಶರಾವತಿ’ಯಲ್ಲಿ ಅದರ ಬಾಯಿಗೆ ಬಂದು ನಿಂತಿದ್ದೆವು. ನಮ್ಮ ಲೆಕ್ಕದಲ್ಲಿ ನೀರು ನಿಲ್ಲುವ ಹೊತ್ತು ಅದೇ. ಆದರೆ ಎದುರಿಗೆ ನೀರು ಮಳೆಗಾಲದ ಹೊಳೆಯ ಹಾಗೆ ಓಡುತ್ತಿತ್ತು. ಬುಲ್ ಕೆಲ್ಪ್ ಅನ್ನುವ ಉದ್ದನೆಯ ಕಡಲ ಪಾಚಿ ಪೂರ್ತಿ ಒಂದೇ ಕಡೆಗೆ ಎಳೆದುಕೊಂಡು ಮಲಗಿತ್ತು. ಸುತ್ತ ಏಳೆಂಟು ದೋಣಿಗಳು ಎಂಜಿನ್ ನಿಧಾನ ಮಾಡಿಕೊಂಡು ಕಾಯುತ್ತಿದ್ದವು.

“ಪುಸ್ತಕ ಸರಿಯಾಗಿ ನೋಡಿದ್ಯಾ ಮಾರಾಯ್ತಿ?” ಅಂದರು ಇವರು.

ನೋಡಿದ್ದೆ. ಆದರೆ ಒಂದು ಮಾತು ಕಣ್ಣಿಗೆ ಬಿದ್ದಿರಲಿಲ್ಲ. ನಮ್ಮ ಹತ್ತಿರ ಇದ್ದ ಕೆನಡಾ ಸರ್ಕಾರದ ಉಬ್ಬರ-ಇಳಿತದ ಪುಸ್ತಕದಲ್ಲಿ ಇದ್ದದ್ದು ಸ್ಟ್ಯಾಂಡರ್ಡ್ ಟೈಮ್. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇರುತ್ತಿತ್ತಲ್ಲ, ಅದನ್ನು ನಾವೇ ಕೂಡಿಸಿಕೊಳ್ಳಬೇಕಿತ್ತು. ಒಂದು ಗಂಟೆ ಮುಂಚೆ ಬಂದುಬಿಟ್ಟಿದ್ದೆವು. ಚಹಾ ಮಾಡಿ ಕುಡಿದೆವು. ಸ್ವಲ್ಪ ಹೊತ್ತಿಗೆ ಮಲಗಿದ್ದ ಪಾಚಿ ನಿಧಾನಕ್ಕೆ ಎದ್ದು, ದಿಕ್ಕಿಲ್ಲದೆ ತೇಲತೊಡಗಿತು. ಅದೇ ಸ್ಲ್ಯಾಕ್, ನೀರು ನಿಂತ ಹೊತ್ತು. ಒಂದರ ಹಿಂದೆ ಒಂದು ದೋಣಿ ಸಂದಿಯೊಳಗೆ ಹೊರಟಿತು. ಆ ದಿನದಿಂದ ಪುಸ್ತಕದ ರಟ್ಟಿನ ಮೇಲೆ ಕೆಂಪು ಪೆನ್ನಲ್ಲಿ “+1” ಅಂತ ಬರೆದಿಟ್ಟೆ.

ನಾವಿಬ್ಬರೂ ಇರುವುದು ಸಿಯಾಟಲ್ ಹತ್ತಿರ. ಇವರು ಕುಂದಾಪುರದವರು. ನನ್ನ ತವರು ಸಾಗರದ ಆಚೆ, ಲಿಂಗನಮಕ್ಕಿ ಹಿನ್ನೀರಿನ ದಡದಲ್ಲಿ. ಚಿಕ್ಕಂದಿನಲ್ಲಿ ಪೇಟೆಗೆ ಹೋಗಬೇಕೆಂದರೆ ಹೊಳೆಬಾಗಿಲಲ್ಲಿ ಲಾಂಚ್ ಹತ್ತಬೇಕಿತ್ತು. ಹಾಗಾಗಿ ದೋಣಿಗೆ ಏನು ಹೆಸರಿಡೋಣ ಅನ್ನುವ ಚರ್ಚೆಯೇ ನಮ್ಮಲ್ಲಿ ಆಗಲಿಲ್ಲ. ‘ಶರಾವತಿ’ 1978ರಲ್ಲಿ ಕಟ್ಟಿದ 32 ಅಡಿಯ ಟ್ರಾಲರ್, ಮೀನು ಹಿಡಿಯುವುದಲ್ಲ, ವಿಹಾರಕ್ಕೆ ಹೋಗುವ ದೋಣಿ. ಒಂದೇ ಎಂಜಿನ್, 120 ಅಶ್ವಶಕ್ತಿಯ ಡೀಸೆಲ್. ಏಳು ನಾಟ್ ವೇಗದಲ್ಲಿ ಓಡುತ್ತದೆ, ಅಂದರೆ ಗಂಟೆಗೆ ಸುಮಾರು 13 ಕಿಲೋಮೀಟರ್. ಸೈಕಲ್ ವೇಗ. ನಾಲ್ಕು ವರ್ಷ ಸ್ಯಾನ್ ಹ್ವಾನ್ ದ್ವೀಪಗಳ ನಡುವೆ ಶನಿವಾರ-ಭಾನುವಾರ ಓಡಿಸಿ ಕಲಿತೆವು. ಮಗಳು ಕಾಲೇಜಿಗೆ ಹೋದ ಮೇಲೆ ಇಬ್ಬರೂ ಎರಡು ತಿಂಗಳು ಸಂಬಳವಿಲ್ಲದ ರಜೆ ಹಾಕಿ ಅನಾಕಾರ್ಟಿಸ್‌ನಿಂದ ಹೊರಟೆವು. ಇನ್‌ಸೈಡ್ ಪ್ಯಾಸೇಜ್ ಅನ್ನುವ ದಾರಿ ಹಿಡಿದು ಅಲಾಸ್ಕಾ ಮುಟ್ಟಬೇಕು ಅಂತ ಆಗ ಇತ್ತು. ದ್ವೀಪಗಳ ಮರೆಯಲ್ಲೇ ಬಹುಪಾಲು ಸಾಗುವ ದಾರಿ ಅದು. ತೆರೆದ ಪೆಸಿಫಿಕ್‌ನ ಅಲೆ ಅಲ್ಲಲ್ಲಿ ಮಾತ್ರ ತಾಗುತ್ತದೆ.

ಕೆನಡಾಕ್ಕೆ ಪ್ರವೇಶ ಪಡೆದದ್ದು ಸೌತ್ ಪೆಂಡರ್ ದ್ವೀಪದ ಬೆಡ್‌ವೆಲ್ ಹಾರ್ಬರ್‌ನಲ್ಲಿ. ಇಬ್ಬರದೂ ಭಾರತದ ಪಾಸ್‌ಪೋರ್ಟ್, ಜೊತೆಗೆ ಅಮೆರಿಕದ ಗ್ರೀನ್ ಕಾರ್ಡ್. ಎರಡೂ ಕೈಯಲ್ಲಿದ್ದರೆ ಕೆನಡಾ ವೀಸಾ ಬೇಕಾಗುವುದಿಲ್ಲ. ಹಸಿ ಸೊಪ್ಪು, ಗಿಡ ಒಯ್ಯುವ ಗೋಜಿಗೆ ಹೋಗಲಿಲ್ಲ. ಕರಿಬೇವನ್ನು ಒಣಗಿಸಿ ಪುಡಿ ಮಾಡಿ ಡಬ್ಬಿಗೆ ತುಂಬಿಕೊಂಡಿದ್ದೆ. ಅಕ್ಕಿ, ಗಟ್ಟಿ ಅವಲಕ್ಕಿ, ಹುರುಳಿ, ಒಂದು ಭರಣಿ ಮಿಡಿ ಉಪ್ಪಿನಕಾಯಿ, ಮೂರು ಲೀಟರಿನ ಕುಕ್ಕರ್. ಗ್ಯಾಸ್ ಉಳಿಸಲು ಕುಕ್ಕರ್‌ನಷ್ಟು ಒಳ್ಳೆಯ ಪಾತ್ರೆ ದೋಣಿಯಲ್ಲಿ ಇನ್ನೊಂದಿಲ್ಲ.

ಜಾರ್ಜಿಯಾ ಜಲಸಂಧಿಯನ್ನು ಬೆಳಿಗ್ಗೆಯೇ ದಾಟಿದೆವು. ಅಲ್ಲಿ ನೌಕಾಪಡೆ ಟಾರ್ಪಿಡೋ ಪರೀಕ್ಷೆ ಮಾಡುವ ಒಂದು ಪ್ರದೇಶ ಇದೆ, ನಕ್ಷೆಯಲ್ಲಿ ‘ವಿಸ್ಕಿ ಗಾಲ್ಫ್’ ಅಂತ ಹೆಸರು. ಪರೀಕ್ಷೆ ನಡೆಯುವ ದಿನ ರೇಡಿಯೋದಲ್ಲಿ ಹೇಳುತ್ತಾರೆ, ಆ ದಿನ ಬಳಸಿಕೊಂಡು ಹೋಗಬೇಕು. ನನಗೆ ಅದಕ್ಕಿಂತ ಭಯ ಇದ್ದದ್ದು ಮರದ ದಿಮ್ಮಿಗಳದ್ದು. ಕಾಡು ಕಡಿದು ನೀರಲ್ಲಿ ಸಾಗಿಸುವ ಸೀಮೆ ಅದು. ತಪ್ಪಿಸಿಕೊಂಡ ದಿಮ್ಮಿಗಳು ನೀರು ಕುಡಿದು, ನೆಟ್ಟಗೆ ನಿಂತು, ತಲೆ ಮಾತ್ರ ಚೂರು ಮೇಲೆ ಬಿಟ್ಟುಕೊಂಡು ತೇಲುತ್ತವೆ. ರೇಡಾರ್‌ಗೆ ಕಾಣುವುದಿಲ್ಲ. ಕಣ್ಣೇ ಗತಿ. ಆದ್ದರಿಂದ ಕತ್ತಲಲ್ಲಿ ಒಂದು ದಿನವೂ ಓಡಿಸಲಿಲ್ಲ.

ಡೆಸೊಲೇಷನ್ ಸೌಂಡ್ ಅನ್ನುವ ಕಡಲ ಕೊಲ್ಲಿಯಲ್ಲಿ ನಾಲ್ಕು ದಿನ ಇರೋಣ ಅಂದುಕೊಂಡವರು 17 ದಿನ ಇದ್ದೆವು. 1792ರಲ್ಲಿ ಇಲ್ಲಿಗೆ ಬಂದ ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರ್‌ಗೆ ಇದು ಬಿಕೋ ಅನ್ನುವ ಜಾಗ ಅನ್ನಿಸಿತಂತೆ, ಅದಕ್ಕೇ ಆ ಹೆಸರು. ಟ್ಲಾಮಿನ್, ಕ್ಲಹೂಸ್, ಹೋಮಲ್ಕೊ ಅನ್ನುವ ಮೂಲನಿವಾಸಿ ಜನ ಅವನಿಗಿಂತ ಎಷ್ಟೋ ಕಾಲದ ಮುಂಚಿನಿಂದ ಬದುಕಿದ ನೆಲ ಅದು. ನಮಗಂತೂ ಬಿಕೋ ಅನ್ನಿಸಲಿಲ್ಲ. ನೀರಿನ ಅಂಚಿನಿಂದಲೇ ಬೆಟ್ಟ ಎದ್ದು, ಮೇಲೆ ಜೂನ್‌ನಲ್ಲೂ ಹಿಮ. ಕೆಳಗೆ ಈಜಬಹುದಾದ ನೀರು! ವ್ಯಾಂಕೂವರ್ ದ್ವೀಪವನ್ನು ಉತ್ತರದಿಂದಲೂ ದಕ್ಷಿಣದಿಂದಲೂ ಸುತ್ತಿಕೊಂಡು ಬರುವ ಉಬ್ಬರಗಳು ಈ ಸುಮಾರಿಗೆ ಕೂಡುತ್ತವೆ. ಹಾಗಾಗಿ ಇಲ್ಲಿ ಸೆಳೆತ ಕಡಿಮೆ, ಮೇಲಿನ ನೀರು ಬಿಸಿಲಿಗೆ ಕಾದು 20 ಡಿಗ್ರಿ ದಾಟುತ್ತದೆ. ಇಲ್ಲಿಂದ ಒಂದು ದಿನದ ದಾರಿಯಾಚೆ ಜಾನ್‌ಸ್ಟೋನ್ ಜಲಸಂಧಿಯಲ್ಲಿ ಕೈ ಅದ್ದಿದರೆ ಬೆರಳು ಮರಗಟ್ಟುತ್ತದೆ.

ಲಂಗರು ಹಾಕುವುದನ್ನು ನಾವು ಸರಿಯಾಗಿ ಕಲಿತದ್ದು ಇಲ್ಲಿ. ದಡದ ಹತ್ತಿರವೇ ಆಳ 20 ಮೀಟರ್. ಉಬ್ಬರ-ಇಳಿತದ ನಡುವೆ ನೀರು ಐದು ಮೀಟರ್‌ವರೆಗೆ ಏರಿಳಿಯುತ್ತದೆ. ಬರೀ ಲಂಗರು ಹಾಕಿದರೆ ದೋಣಿ ದೊಡ್ಡ ಸುತ್ತು ತಿರುಗುತ್ತದೆ, ಪಕ್ಕದವರಿಗೆ ತಾಗುತ್ತದೆ. ಅದಕ್ಕೆ ಮುಂದಿನಿಂದ ಲಂಗರು, ಹಿಂದಿನಿಂದ ದಡಕ್ಕೆ ಹಗ್ಗ. ಇದಕ್ಕೆ ಇಲ್ಲಿಯವರು ಸ್ಟರ್ನ್ ಟೈ ಅನ್ನುತ್ತಾರೆ. ನಾನು ಸ್ಟೀರಿಂಗ್ ಹಿಡಿದು ನಿಧಾನಕ್ಕೆ ಹಿಂದಕ್ಕೆ ತರುತ್ತೇನೆ. ಇವರು ಲಂಗರು ಕಚ್ಚಿತು ಅಂತ ಮುಷ್ಟಿ ತೋರಿಸುತ್ತಾರೆ. ಆಮೇಲೆ ಸಣ್ಣ ದೋಣಿ ಇಳಿಸಿ, 180 ಮೀಟರ್ ತೇಲುವ ಹಗ್ಗದ ತುದಿ ಹಿಡಿದು ದಡಕ್ಕೆ ಹುಟ್ಟು ಹಾಕುತ್ತಾರೆ. ಬಂಡೆಗೆ ಹೊಡೆದ ಕಬ್ಬಿಣದ ಬಳೆ ಇದ್ದರೆ ಅದರೊಳಗೆ ತೂರಿಸಿ, ಅದೇ ತುದಿಯನ್ನು ವಾಪಸ್ ದೋಣಿಗೆ ತರುತ್ತಾರೆ. ಹೊರಡುವಾಗ ಒಂದು ತುದಿ ಬಿಟ್ಟು ಇನ್ನೊಂದನ್ನು ಎಳೆದರೆ ಸಾಕು, ಮತ್ತೆ ದಡಕ್ಕೆ ಹೋಗುವ ಕೆಲಸವಿಲ್ಲ. ಮೊದಲ ದಿನ ಇದಕ್ಕೆ ಒಂದೂವರೆ ಗಂಟೆ ಹಿಡಿಯಿತು, ಇಬ್ಬರ ಗಂಟಲೂ ಕೂಗಿ ಕೂಗಿ ಕಟ್ಟಿತು. ಮರುದಿನ ಕೂತು ಆರು ಕೈಸನ್ನೆ ಮಾತಾಡಿಕೊಂಡೆವು. ಆಮೇಲೆ ಒಂದು ಸಲವೂ ಕೂಗಲಿಲ್ಲ. ಗಂಡ-ಹೆಂಡತಿ ದೋಣಿ ತೆಗೆದುಕೊಂಡರೆ ಮೊದಲು ಕಲಿಯಬೇಕಾದ್ದು ಇದೇ ಅಂತ ನನಗೆ ಅನ್ನಿಸುತ್ತದೆ.

ಸೀಗಡಿ ಬುಟ್ಟಿಯನ್ನು 90 ಮೀಟರ್ ಆಳಕ್ಕೆ ಬಿಡುತ್ತಿದ್ದೆವು. ಕೈಯಲ್ಲೇ ಎಳೆಯಬೇಕು, ತೋಳು ಬಿದ್ದುಹೋಗುತ್ತದೆ. ಸ್ಪಾಟ್ ಪ್ರಾನ್ ಅನ್ನುವ ಜಾತಿ ಅದು, ಚುಕ್ಕೆ ಇರುವ ಕೆಂಪು ಸೀಗಡಿ. ಹುಟ್ಟುವಾಗ ಗಂಡು, ಬೆಳೆದ ಮೇಲೆ ಹೆಣ್ಣಾಗುತ್ತದೆ. ಇವರ ಅಮ್ಮ ಕುಂದಾಪುರದಲ್ಲಿ ಮಾಡುತ್ತಿದ್ದ ಹಾಗೆ ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆಹುಳಿ ಹಾಕಿ ಸುಕ್ಕ ಮಾಡಿದೆವು. ಲೈಸೆನ್ಸ್ ಮೊದಲೇ ಮಾಡಿಸಿಕೊಂಡಿದ್ದೆವು. ಆದರೆ ಬಂಡೆಯ ಮೇಲೆ ರಾಶಿ ರಾಶಿ ಕಾಣುವ ಮಳಿ, ಚಿಪ್ಪುಗಳನ್ನು ಮುಟ್ಟಲಿಲ್ಲ. ಕೆಲವು ಸೂಕ್ಷ್ಮ ಪಾಚಿ ಹೆಚ್ಚಾದಾಗ ಅವುಗಳೊಳಗೆ ಸೇರುವ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಯಾವ ಜಾಗ ಮುಚ್ಚಿದೆ ಅಂತ ಮೀನುಗಾರಿಕೆ ಇಲಾಖೆ ಪ್ರಕಟಿಸುತ್ತದೆ, ನಾವು ಇದ್ದ ಕಡೆ ಮುಚ್ಚಿತ್ತು.

ಅಲ್ಲಿಂದ ಉತ್ತರಕ್ಕೆ ಹೋಗಲು ಯುಕಲ್ಟಾ, ಗಿಲ್ಲಾರ್ಡ್, ಡೆಂಟ್ ಅನ್ನುವ ಮೂರು ರಭಸದ ಸಂದಿಗಳನ್ನು ಒಂದೇ ಓಟಕ್ಕೆ ದಾಟಬೇಕು. ದೊಡ್ಡ ಉಬ್ಬರದ ದಿನ ಡೆಂಟ್‌ನಲ್ಲಿ ನೀರು ಒಂಬತ್ತು ನಾಟ್‌ವರೆಗೆ ಓಡುತ್ತದೆ. ನಮ್ಮ ದೋಣಿಯದೇ ಏಳು! ಅಲ್ಲಿ ‘ಡೆವಿಲ್ಸ್ ಹೋಲ್’ ಅಂತ ಒಂದು ಸುಳಿ ಏಳುತ್ತದೆ. ಆ ಕಡೆ ಉಬ್ಬರದ ನೀರು ಉತ್ತರದಿಂದ ನಮ್ಮ ಎದುರಿಗೆ ಬರುತ್ತದೆ, ಇಳಿತ ಉತ್ತರದ ಕಡೆಗೇ ಹೋಗುತ್ತದೆ. ಆದ್ದರಿಂದ ಉಬ್ಬರ ಮುಗಿಯುವ ಒಂದು ಗಂಟೆ ಮುಂಚೆ ಯುಕಲ್ಟಾಕ್ಕೆ ಹೋಗಿ, ಸೋತ ನೀರಿನ ಎದುರು ದಡದ ಬದಿಯಲ್ಲಿ ಏರಿ, ಡೆಂಟ್ ಹತ್ತಿರ ಬರುವ ಹೊತ್ತಿಗೆ ನೀರು ನಿಂತಿರಬೇಕು. ಮುಂದೆ ಇಳಿತವೇ ತಳ್ಳಿಕೊಂಡು ಹೋಗುತ್ತದೆ. ಹುಣ್ಣಿಮೆ ಕಳೆದು ಆರು ದಿನ ಕಾದು, ಸಣ್ಣ ಉಬ್ಬರದ ದಿನ ಹೊರಟೆವು. ಡೆಂಟ್‌ನಲ್ಲಿ ನೀರು ಎಣ್ಣೆಯ ಹಾಗೆ ನುಣ್ಣಗಿತ್ತು. ಅಲ್ಲಲ್ಲಿ ಮಾತ್ರ ತಟ್ಟೆಯಗಲದ ಸುಳಿಗಳು ಹುಟ್ಟಿ, ತಿರುಗಿ, ಕರಗುತ್ತಿದ್ದವು. ಅಷ್ಟಕ್ಕೇ ಸ್ಟೀರಿಂಗ್ ಕೈಯಲ್ಲಿ ಎಡಕ್ಕೆ ಬಲಕ್ಕೆ ಜಗ್ಗುತ್ತಿತ್ತು.

ಮೂರನೇ ದಿನ ಫಾರ್ವರ್ಡ್ ಹಾರ್ಬರ್‌ನಿಂದ ಬೆಳಿಗ್ಗೆ ಐದಕ್ಕೆ ಲಂಗರು ಎತ್ತಿದೆವು. ಜಾನ್‌ಸ್ಟೋನ್ ಜಲಸಂಧಿಯಲ್ಲಿ ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿ ಏಳುತ್ತದೆ. ಇಳಿತದ ನೀರು ಆ ಗಾಳಿಗೆ ಎದುರಾದರೆ ಅಲೆ ಗೋಡೆಯಂತೆ ನಿಲ್ಲುತ್ತದೆ. ಹಾಗಾಗಿ ಬೆಳಿಗ್ಗೆಯೇ ಮುಗಿಸಬೇಕು. ಆರೂವರೆ ಇರಬಹುದು, ಎಂಜಿನ್ನಿನ ಟೆಂಪರೇಚರ್ ಮುಳ್ಳು 180 ಡಿಗ್ರಿ ಫ್ಯಾರನ್‌ಹೀಟ್‌ನಿಂದ 200 ದಾಟಿತು.

“ರೀ, ಮುಳ್ಳು ಏರ್ತಾ ಇದೆ.”

ಎಂಜಿನ್ ತಂಪು ಮಾಡಿದ ಕಡಲ ನೀರು ಹಿಂದಿನ ಎಕ್ಸಾಸ್ಟ್ ಕೊಳವೆಯಿಂದ ಹೊರಗೆ ಬೀಳುತ್ತಿರಬೇಕು. ಇವರು ಹಿಂದೆ ಓಡಿ ಬಗ್ಗಿ ನೋಡಿದರು. “ಎಕ್ಸಾಸ್ಟ್‌ನಲ್ಲಿ ನೀರು ಬರ್ತಾ ಇಲ್ಲ. ಆಫ್ ಮಾಡು.”

ಆಫ್ ಮಾಡಿದೆ. ಆ ನಿಶ್ಶಬ್ದ ಈಗಲೂ ನೆನಪಿದೆ. ಲಂಗರು ಹಾಕೋಣ ಅಂದರೆ ಕೆಳಗೆ ನೂರಾರು ಮೀಟರ್ ಆಳ. ಹಲಗೆ ಎತ್ತಿ ಎಂಜಿನ್ ಕೋಣೆಗೆ ಇಳಿದರು. ಮೊದಲು ಹೊರಗಿನ ನೀರಿನ ವಾಲ್ವ್ ಮುಚ್ಚಿದರು. ಕಸ ತಡೆಯುವ ಸ್ಟ್ರೈನರ್ ಬಿಚ್ಚಿದರೆ ಕಡಲಹುಲ್ಲು ಒತ್ತಿ ತುಂಬಿತ್ತು. ನೀರಿಲ್ಲದೆ ಪಂಪ್ ಒಣಗಿ ತಿರುಗಿದೆ. ಪಂಪಿನ ಮುಚ್ಚಳದ ತಿರುಪುಗಳನ್ನು ಬಿಚ್ಚಿ ಒಂದೊಂದಾಗಿ ನನ್ನ ಅಂಗೈಗೆ ಕೊಟ್ಟರು. ಒಳಗಿದ್ದ, ನೀರು ತಳ್ಳುವ ರಬ್ಬರಿನ ಚಕ್ರ ಇಂಪೆಲ್ಲರ್‌ನ ಆರು ರೆಕ್ಕೆಗಳಲ್ಲಿ ಒಂದೂ ಉಳಿದಿರಲಿಲ್ಲ. ಹೊಸದು ಇತ್ತು. ಅದಕ್ಕೆ ಪಾತ್ರೆ ತೊಳೆಯುವ ಸೋಪು ಸವರಿ, ರೆಕ್ಕೆಗಳನ್ನು ತಿರುಗುವ ದಿಕ್ಕಿಗೆ ಮಡಚಿ ಒಳಗೆ ತಳ್ಳಿದರು. ಮುರಿದ ಚೂರುಗಳನ್ನು ಹುಡುಕಿ ತೆಗೆದು ಪೇಪರ್ ಮೇಲೆ ಜೋಡಿಸಿದೆವು. ಐದು ಸಿಕ್ಕವು. ಆರನೆಯದು ಇಲ್ಲ.

ಅಷ್ಟು ಹೊತ್ತೂ ನಾನು ಮೇಲೆ ಹೋಗಿ ಹೋಗಿ ನಕ್ಷೆ ನೋಡಿ ಬರುತ್ತಿದ್ದೆ. ಐವತ್ತು ನಿಮಿಷದಲ್ಲಿ ಇಳಿತದ ನೀರು ನಮ್ಮನ್ನು ಎರಡು ಮೈಲಿ ಒಯ್ದಿತ್ತು, ನಾವು ಹೋಗಬೇಕಾದ ಕಡೆಗೇ. ಗಾಳಿ ಇನ್ನೂ ಎದ್ದಿರಲಿಲ್ಲ. ಎಂಜಿನ್ ಶುರು ಮಾಡಿದಾಗ ಹಿಂದಿನಿಂದ ನೀರು ಚಿಮ್ಮಿದ ಸದ್ದು ಕೇಳಿ ನನಗೆ ಅಳು ಬಂತು.

ರಾಬ್ಸನ್ ಬೈಟ್ ಹತ್ತಿರ ಆರ್ಕಾ ತಿಮಿಂಗಿಲಗಳನ್ನು ನೋಡಿದೆವು. ಅಲ್ಲಿನ ಗುಂಡುಗಲ್ಲಿನ ದಡಕ್ಕೆ ಬಂದು ಅವು ಮೈ ಉಜ್ಜಿಕೊಳ್ಳುತ್ತವೆ. ಆ ಭಾಗ ಸಂರಕ್ಷಿತ, ದೋಣಿಗಳು ಹೊರಗೇ ಇರಬೇಕು. ನಾವು ಎದುರು ದಡದ ಬದಿಗಿದ್ದೆವು. ಮೊದಲು ಉಸಿರಿನ ಸದ್ದು, ಆಮೇಲೆ ಕರಿ ರೆಕ್ಕೆ. ಗೇರ್ ತೆಗೆದು ಅರ್ಧ ಗಂಟೆ ಮಾತಿಲ್ಲದೆ ಕೂತೆವು.

ಅಲರ್ಟ್ ಬೇ ಊರಿನ ಉಮಿಸ್ಟಾ ಸಾಂಸ್ಕೃತಿಕ ಕೇಂದ್ರಕ್ಕೆ ಎರಡು ದಿನ ಹೋದೆವು. ಅಲ್ಲಿನ ಮೂಲನಿವಾಸಿಗಳಾದ ಕ್ವಾಕ್ವಕವಾಕ್ ಜನರು ಮುಖವಾಡ ತೊಟ್ಟು ಕುಣಿದು ಉಡುಗೊರೆ ಹಂಚುವ ಪಾಟ್‌ಲ್ಯಾಚ್ ಎಂಬ ಕೂಟವನ್ನು ಕೆನಡಾ ಸರ್ಕಾರ 1885ರಿಂದ 1951ರವರೆಗೆ ನಿಷೇಧಿಸಿತ್ತು. 1921ರಲ್ಲಿ ಹತ್ತಿರದ ವಿಲೇಜ್ ಐಲ್ಯಾಂಡ್‌ನಲ್ಲಿ ಕೂಟ ನಡೆಸಿದವರಿಂದ ಮುಖವಾಡಗಳನ್ನು ಕಿತ್ತುಕೊಂಡರು. ದಶಕಗಳ ಹೋರಾಟದ ನಂತರ ಹಲವು ಮರಳಿ ಬಂದು, 1980ರಲ್ಲಿ ಈ ಕೇಂದ್ರ ತೆರೆಯಿತು. ಭೂತದ ಕೋಲ ನೋಡಿ ಬೆಳೆದ ಇವರು ಆ ಮುಖವಾಡಗಳ ಮುಂದೆ ಚಪ್ಪಲಿ ಬಿಟ್ಟು ನಿಂತರು. ನಾನು ಏನೂ ಕೇಳಲಿಲ್ಲ.

ಪೋರ್ಟ್ ಮೆಕ್‌ನೀಲ್‌ನಲ್ಲಿ ಡೀಸೆಲ್ ತುಂಬಿಸಿ ನಕ್ಷೆ ಹರಡಿಕೊಂಡು ಕೂತೆವು. ಮುಂದೆ ಕೇಪ್ ಕಾಷನ್, ತೆರೆದ ಪೆಸಿಫಿಕ್‌ನ ಅಲೆ ನೇರ ಬಡಿಯುವ ಜಾಗ. ದಾಟುವ ಧೈರ್ಯ ಇತ್ತು, ಸಮಯ ಇರಲಿಲ್ಲ. ಉಳಿದದ್ದು ನಾಲ್ಕು ವಾರ. ಅಲಾಸ್ಕಾಕ್ಕೆ ಹೋಗಿ ಬರಬೇಕೆಂದರೆ ದಿನಾ ಓಡಬೇಕು, ಹವಾಮಾನ ಕೆಟ್ಟಿದ್ದರೂ ಓಡಬೇಕು. ತಾರೀಕು ಹಿಡಿದು ಹೊರಟವರನ್ನು ಈ ನೀರು ಕಾಯುವುದಿಲ್ಲ ಅಂತ ಅಷ್ಟರಲ್ಲಿ ನಮಗೆ ಗೊತ್ತಾಗಿತ್ತು. ವಾಪಸ್ ತಿರುಗಿದೆವು. ಆ ನಾಲ್ಕು ವಾರ ಬ್ರೌಟನ್ ದ್ವೀಪಗಳಲ್ಲಿ, ಮತ್ತೆ ಡೆಸೊಲೇಷನ್‌ನಲ್ಲಿ ಕಳೆದೆವು. ಬೇಸಿಗೆಯ ಒಳ್ಳೆಯ ದಿನಗಳೆಲ್ಲ ಹೆಚ್ಚಾಗಿ ಅವೇ.

ಒಟ್ಟು 690 ನಾಟಿಕಲ್ ಮೈಲಿ, ಎಂಜಿನ್ ಓಡಿದ್ದು 104 ಗಂಟೆ, ಡೀಸೆಲ್ 790 ಲೀಟರ್. 62 ದಿನದಲ್ಲಿ 31 ದಿನ ದೋಣಿ ಕದಲಲೇ ಇಲ್ಲ.

ವಾಪಸ್ ಬರುವಾಗ ಪೂರ್ತಿ ದಾರಿ ಮುಳ್ಳು 180ರ ಬದಲು 185ರಲ್ಲಿ ನಿಲ್ಲುತ್ತಿತ್ತು. ಅದರ ಮೇಲೆ ಹೋಗಲಿಲ್ಲ, ಆದರೂ ನಾನು ಕಣ್ಣು ತೆಗೆಯಲಿಲ್ಲ. ಸೆಪ್ಟೆಂಬರ್‌ನಲ್ಲಿ ಅನಾಕಾರ್ಟಿಸ್‌ನಲ್ಲಿ ಎಂಜಿನ್ ತಂಪು ಮಾಡುವ ಹೀಟ್ ಎಕ್ಸ್‌ಚೇಂಜರ್‌ನ ಮುಚ್ಚಳ ಬಿಚ್ಚಿದೆವು. ಉಗುರಿನಷ್ಟು ಕಪ್ಪು ರಬ್ಬರ್ ಚೂರು ಕೊಳವೆಗಳ ಬಾಯಿಗೆ ಅಂಟಿಕೊಂಡಿತ್ತು. ಇವರು ಇಕ್ಕಳದಲ್ಲಿ ತೆಗೆದು ನನ್ನ ಅಂಗೈ ಮೇಲಿಟ್ಟರು. ಕೊಳವೆ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ, ಎಂಜಿನ್ ಶುರು ಮಾಡಿದೆವು. ಇಪ್ಪತ್ತು ನಿಮಿಷ ಓಡಿದ ಮೇಲೆ ಮುಳ್ಳು 180ಕ್ಕೆ ಬಂದು ನಿಂತಿತು.