ಬೋರ್‌ವೆಲ್ ನೀರು, ಎರಡಡಿ ಟ್ಯಾಂಕ್, ಮೂರೇ ಜಾತಿ ಮೀನು: ನನ್ನ ಅನುಭವ

ಬೆಂಗಳೂರಿನ ಬೋರ್‌ವೆಲ್ ನೀರಲ್ಲಿ ಮೆದು ನೀರಿನ ಮೀನಾದ ಹಾರ್ಲೆಕ್ವಿನ್ ರಾಸ್ಬೋರಾ ಉಳಿಯಲ್ಲ, ಜೊತೆಗೆ ಹನಿ (honey) ಗೌರಾಮಿಯನ್ನೂ ತಂದು ಬಿಟ್ಟರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಅಂದವರೇ ಹೆಚ್ಚು. ವರ್ಷದ ಮೇಲಾಯಿತು. ಎಂಟು ಹಾರ್ಲೆಕ್ವಿನ್, ಆರು ಬ್ರಾಂಜ್ ಕೋರಿ, ಮೂರು ಹನಿ ಗೌರಾಮಿ ಒಂದೇ ಟ್ಯಾಂಕಿನಲ್ಲಿ ಗಟ್ಟಿಯಾಗಿ ನಿಂತಿವೆ. ಗೌರಾಮಿ ಗಂಡು ಮೊಟ್ಟೆಗೆಂದು ನೊರೆಗೂಡು ಕಟ್ಟುತ್ತಿದೆ. ಆಗಲ್ಲ ಅಂದವರೇ ಈಗ ನೀರಿನ ಬೆರಕೆಯ ಲೆಕ್ಕ ಕೇಳುತ್ತಿದ್ದಾರೆ.

ಟ್ಯಾಂಕ್ 24×12×12 ಇಂಚು. ಲೆಕ್ಕಕ್ಕೆ 56 ಲೀಟರ್ ಬರುತ್ತದೆ; ಮರಳು, ಮೇಲೆ ಬಿಟ್ಟ ಜಾಗ ಕಳೆದರೆ ಉಳಿಯುವ ನೀರು 45 ಲೀಟರ್ ಆಸುಪಾಸು. ಮೀನಿನ ಲೆಕ್ಕ ಹಾಕಬೇಕಾದದ್ದು ಈ 45ಕ್ಕೆ, 56ಕ್ಕಲ್ಲ.

ಈ ಅಳತೆಗೆ ಅಂಗಡಿಯಲ್ಲಿ ಕಟ್ಟಿಕೊಡುವ ಸೆಟ್ ಗೊತ್ತಲ್ಲ: ಎರಡು ಏಂಜಲ್, ನಾಲ್ಕು ಟೈಗರ್ ಬಾರ್ಬ್, ಎರಡು ಗೌರಾಮಿ, ನಾಲ್ಕು ನಿಯಾನ್, ಗಾಜು ಕ್ಲೀನ್ ಮಾಡಲು ಒಂದು ಸಕ್ಕರ್. ಇಂಥ ಜೋಡಣೆಗಳಿಗೇ ನನ್ನ ಮೂರು ಸಾವಿರದಷ್ಟು ಹೋಗಿದೆ. ಟೈಗರ್ ಬಾರ್ಬ್ ಮೊದಲು ಗೌರಾಮಿಯ ದಾರದಂಥ ಮೀಸೆ ಕಚ್ಚುತ್ತದೆ, ಆಮೇಲೆ ಏಂಜಲ್ಲಿನ ರೆಕ್ಕೆ. ನಾಲ್ಕೇ ಇದ್ದಾಗ ಈ ಚಟ ಜಾಸ್ತಿ. ಹತ್ತು ಹನ್ನೆರಡು ಇದ್ದರೆ ತಮ್ಮತಮ್ಮಲ್ಲೇ ಅಟ್ಟಾಡಿಕೊಂಡಿರುತ್ತವೆ, ಆದರೆ ಅಷ್ಟಕ್ಕೆ ಎರಡಡಿಯಲ್ಲಿ ಜಾಗ ಎಲ್ಲಿದೆ? ಏಂಜಲ್ ಬೆಳೆದು ಬಾಯಿ ದೊಡ್ಡದಾದ ಮೇಲೆ ನಿಯಾನ್ ಅದರ ಊಟ. ಸಕ್ಕರ್ ಒಂದಡಿ ದಾಟುವ ಪ್ರಾಣಿ, ಗಾಜು ಕ್ಲೀನ್ ಮಾಡುವುದಕ್ಕಿಂತ ಹೆಚ್ಚು ಗಲೀಜು ಅದೇ ಮಾಡುತ್ತದೆ. ಅದು ಬೆಳೆದಿದೆ ಅಂತ ಮಾತ್ರ ಯಾರೂ ಕೆರೆಗೆ ಬಿಡಬೇಡಿ. ದಕ್ಷಿಣ ಭಾರತದ ನೀರುಗಳಲ್ಲಿ ಈಗಾಗಲೇ ಬೇರೂರಿ ಮೀನುಗಾರರ ಬಲೆ ಹರಿಯುತ್ತಿದೆ.

ಹಾಗಾಗಿ ನನ್ನದು ಮೂರೇ ಜಾತಿ, ನೀರಿನ ಮೂರು ಮಟ್ಟಕ್ಕೆ ಒಂದೊಂದು. ತಳಕ್ಕೆ ಕೋರಿ, ನಡುವೆ ಹಾರ್ಲೆಕ್ವಿನ್, ಮೇಲೆ ಗೌರಾಮಿ. ಒಂದೇ ಜಾತಿ ಎಂಟು ಇದ್ದರೆ ನೋಡಲು ಬೇಸರ ಅನ್ನುತ್ತಾರೆ. ಎರಡೆರಡು ಬಿಟ್ಟ ಗುಂಪುಮೀನು ಹೀಟರ್ ಹಿಂದೆ ಅವಿತಿರುತ್ತದೆ. ಎಂಟು ಬಿಟ್ಟರೆ ಮುಂದಿನ ಗಾಜಿನ ಹತ್ತಿರವೇ ಓಡಾಡುತ್ತದೆ, ಬಣ್ಣವೂ ಏರುತ್ತದೆ. ಕೋರಿಯಲ್ಲೂ ಮೂರು ಬ್ರಾಂಜ್, ಮೂರು ಪೆಪ್ಪರ್ ಅಂತ ಬೆರೆಸಿದರೆ ಗುಂಪು ಸರಿಯಾಗಿ ಕೂಡುವುದಿಲ್ಲ. ಆರೂ ಒಂದೇ ಜಾತಿ ಇರಲಿ. ಬಿಳಿ ಅಲ್ಬಿನೋ ಸಾಮಾನ್ಯವಾಗಿ ಬ್ರಾಂಜ್ ಜಾತಿಯದೇ ಇನ್ನೊಂದು ಬಣ್ಣ, ಅದು ನಡೆಯುತ್ತದೆ.

ಇನ್ನು ನೀರು, ಎಲ್ಲರೂ ಅನುಮಾನಪಟ್ಟದ್ದು ಇದರ ಮೇಲೇ. ನಮ್ಮ ಬೋರ್‌ವೆಲ್ ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಅಳತೆ) 800ರ ಹತ್ತಿರ, ಪಿಎಚ್ 8 ದಾಟುತ್ತದೆ. ಬಡಾವಣೆಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದೋ ಹತ್ತೋ ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಸಿಗುತ್ತದಲ್ಲ, ಅದರ ಟಿಡಿಎಸ್ 40ರಷ್ಟು. ಮೂರು ಪಾಲು ಆ ನೀರು, ಒಂದು ಪಾಲು ಬೋರ್‌ವೆಲ್. ಮೀಟರ್ 230 ತೋರಿಸುತ್ತದೆ, ಪಿಎಚ್ 7.2–7.4ಕ್ಕೆ ಇಳಿಯುತ್ತದೆ. ವಾರಕ್ಕೆ 12 ಲೀಟರ್ ಬದಲಿಸಲು ಘಟಕದ ನೀರು 9 ಲೀಟರ್ ಸಾಕು, ಒಂದು ಕ್ಯಾನ್ ಎರಡು ವಾರಕ್ಕೆ ಬರುತ್ತದೆ. ಬಾಟಲಿಯಲ್ಲಿ ಬರುವ ಪಿಎಚ್ ಡೌನ್‌ಗೆ ಇದಕ್ಕಿಂತ ಹತ್ತಿಪ್ಪತ್ತು ಪಟ್ಟು ಖರ್ಚು. ಮೇಲಾಗಿ ಗಡಸು ನೀರಿನಲ್ಲಿ ಪಿಎಚ್ ಎರಡೇ ದಿನಕ್ಕೆ ಮತ್ತೆ ಏರುತ್ತದೆ, ಆ ಏರಿಳಿತವೇ ಮೀನನ್ನು ತೆಗೆಯುತ್ತದೆ.

ಪೂರ್ತಿ ಘಟಕದ ಆರ್‌ಒ (ಲವಣ ಸೋಸಿ ತೆಗೆದ) ನೀರೇ ತುಂಬಿಸಿದರೆ ಇನ್ನೂ ಮೆತ್ತಗಾಗುತ್ತದಲ್ಲ ಅನ್ನಬೇಡಿ. ಅದರಲ್ಲಿ ಆಮ್ಲವನ್ನು ತಡೆಯುವ ಕಾರ್ಬೊನೇಟ್ ಇಲ್ಲವೆನ್ನುವಷ್ಟು ಕಡಿಮೆ. ಫಿಲ್ಟರಿನ ಬ್ಯಾಕ್ಟೀರಿಯಾ ಮೀನಿನ ಗಲೀಜಿನ ಅಮೋನಿಯಾ ಕರಗಿಸುತ್ತ ಹುಟ್ಟಿಸುವ ಆಮ್ಲಕ್ಕೆ ಐದಾರು ವಾರದಲ್ಲಿ ಪಿಎಚ್ ಕುಸಿಯುತ್ತದೆ, ಬ್ಯಾಕ್ಟೀರಿಯಾವೂ ಮಲಗುತ್ತದೆ. ಆ ಒಂದು ಪಾಲು ಬೋರ್‌ವೆಲ್ ನೀರೇ ಟ್ಯಾಂಕಿಗೆ ಕಾವಲು. ಕಾವೇರಿ ನೀರು ಬರುವ ಮನೆಗಳಿಗೆ ಈ ಬೆರಕೆಯೇ ಬೇಡ, ಕ್ಲೋರಿನ್‌ಗೆ ಎರಡು ಹರಳು ಹೈಪೋ ಹಾಕಿ ಮುಂದೆ ಹೋಗಿ.

ಮಳೆಗಾಲದಲ್ಲಿ ಘಟಕದ ನೀರಿನ ಬದಲು ತಾರಸಿಯ ಮಳೆನೀರು ಬಳಸಿಯೂ ನೋಡಿದೆ. ಮೊದಲ ಎರಡು ಮಳೆ ಬಿಟ್ಟು ಹಿಡಿದರೆ ಟಿಡಿಎಸ್ 20–30. ಕೆಲಸ ಚೆನ್ನಾಗಿಯೇ ಆಗುತ್ತದೆ, ಪಾರಿವಾಳ ಕೂರುವ ತಾರಸಿ ಆಗಿರಬಾರದು ಅಷ್ಟೆ.

ಪಿಎಚ್ ಇನ್ನಷ್ಟು ಇಳಿಯಲೆಂದು ಕಾಡುಬಾದಾಮಿಯ ಉದುರಿದ ಒಣ ಎಲೆ ಎರಡೋ ಮೂರೋ ಹಾಕುತ್ತೇನೆ, ಮೂರು ವಾರಕ್ಕೊಮ್ಮೆ ಹೊಸದು. ಅಂಗಡಿಯಲ್ಲಿ ಹತ್ತೆಲೆಗೆ ನೂರು ರೂಪಾಯಿ ಹೇಳುತ್ತಾರೆ, ಪಾರ್ಕಿನ ಮರದಡಿ ಪುಕ್ಕಟೆ. ನೀರನ್ನು ಮೆದು ಮಾಡದೆ ಎಲೆ ಮಾತ್ರ ಹಾಕಿದರೆ ಚಹಾ ಬಣ್ಣ ಬರುತ್ತದೆ, ಪಿಎಚ್ ಕದಲುವುದಿಲ್ಲ.

ಮರಳಿನ ಮೇಲೆ ವಿನೆಗರ್ ಹನಿಸಿ ನೋಡಿ. ಗುಳ್ಳೆ ಎದ್ದರೆ ಸುಣ್ಣದ ಅಂಶವಿದೆ, ನೀರು ಮತ್ತೆ ಗಡಸಾಗುತ್ತದೆ. ಚೆಂದಕ್ಕೆ ಮಾರುವ ಬಿಳಿ ಕಲ್ಲುಗಳಲ್ಲಿ ಬಹುಪಾಲು ಅಮೃತಶಿಲೆಯ ಚೂರು. ಎಂ-ಸ್ಯಾಂಡ್ ಹರಿತ, ಕೋರಿಯ ಮೀಸೆಗೆ ಆಗದು. ಜರಡಿ ಹಿಡಿದ ನುಣುಪು ಮರಳು ಎಂಟು ಹತ್ತು ಕೆಜಿ ಸಾಕು.

ಮೀನು ಬಿಡುವ ಸರದಿ ತಪ್ಪಬಾರದು. ನಡೆಯುತ್ತಿರುವ ಟ್ಯಾಂಕಿನ, ಬ್ಯಾಕ್ಟೀರಿಯಾ ನೆಲೆಸಿದ ಹಳೆ ಸ್ಪಾಂಜ್ ತಂದು ಹಾಕಿ, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿದ ಮೇಲೆ ಮೊದಲು ಕೋರಿ. ಎರಡು ವಾರ ಬಿಟ್ಟು ಹಾರ್ಲೆಕ್ವಿನ್. ಗೌರಾಮಿ ಕೊನೆಗೆ, ಯಾಕೆಂದರೆ ಮೊದಲು ಬಂದ ಗಂಡು ಇಡೀ ಟ್ಯಾಂಕ್ ತನ್ನದೆಂದುಕೊಂಡು ಹೊಸಬರನ್ನು ಅಟ್ಟುತ್ತದೆ. ಅಂಗಡಿ ನೀರಿನ ಟಿಡಿಎಸ್ 900 ಇರಬಹುದು. ಕವರ್ ಕತ್ತರಿಸಿ ನೇರ ಸುರಿದರೆ ಮೂರನೇ ದಿನ ಮೀನು ಪಕ್ಕಕ್ಕೆ ವಾಲುತ್ತದೆ. ಮೀನನ್ನು ಅಂಗಡಿ ನೀರಿನ ಸಮೇತ ಬಕೆಟ್ಟಿಗೆ ಹಾಕಿ, ಏರ್ ಪೈಪಿಗೆ ಗಂಟು ಹಾಕಿ ಟ್ಯಾಂಕಿನ ನೀರನ್ನು ಅದಕ್ಕೆ ಸೆಕೆಂಡಿಗೆ ಎರಡು ಹನಿಯಂತೆ ಎರಡು ಗಂಟೆ ಇಳಿಸಿ, ಆಮೇಲೆ ಮೀನನ್ನಷ್ಟೇ ಬಲೆಯಲ್ಲಿ ಎತ್ತಿ ಬಿಡಿ.

ಹನಿ ಗೌರಾಮಿ ಒಂದು ಗಂಡು, ಎರಡು ಹೆಣ್ಣು. ಹೆಣ್ಣಿಗೆ ಕಣ್ಣಿನಿಂದ ಬಾಲದವರೆಗೆ ಕಂದು ಪಟ್ಟೆ. ಗಂಡಿಗೆ ಸಮಯ ಬಂದಾಗ ಗಂಟಲು, ಹೊಟ್ಟೆ ಕಡುನೀಲಿ, ಬೆನ್ನಿನ ರೆಕ್ಕೆ ಹಳದಿ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಸ್ಕಾಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್ನೇ 1822ರಲ್ಲಿ ಈ ಮೀನಿನ ಗಂಡು ಹೆಣ್ಣನ್ನು ಎರಡು ಬೇರೆ ಜಾತಿ ಎಂದು ವರ್ಣಿಸಿದ. ಬಣ್ಣದಲ್ಲಿ ಅಷ್ಟು ವ್ಯತ್ಯಾಸ. ಅಂಗಡಿಯ ಬಿಳಿ ಲೈಟಿನಲ್ಲಿ ಎಲ್ಲವೂ ಪೇಲವವಾಗಿ ಕಾಣುತ್ತವೆ, ಹತ್ತು ನಿಮಿಷ ನಿಂತು ನೋಡಿ ಆರಿಸಿ. ‘ಸನ್‌ಸೆಟ್’ ಹೆಸರಲ್ಲಿ ದಪ್ಪತುಟಿಯ ಗೌರಾಮಿಯೂ ಬರುತ್ತದೆ; ಅದು ಎಂಟೊಂಬತ್ತು ಸೆಂಟಿಮೀಟರ್ ಬೆಳೆಯುತ್ತದೆ, ಈ ಟ್ಯಾಂಕಿಗೆ ಹೆಚ್ಚು. ನೊರೆಗೂಡು ಕಟ್ಟಲು ಮೇಲೆ ತೇಲುವ ಗಿಡ ಬೇಕು. ಕೆರೆಯಿಂದ ತಂದ ಅಂತರಗಂಗೆಯಾದರೆ ಬೇರು ಬಿಡಿಸಿ ಮೂರ್ನಾಲ್ಕು ಸಲ ತೊಳೆಯಿರಿ, ಅದರಲ್ಲಿ ಕೂತು ಬರುವ ಏರೋಪ್ಲೇನ್ ಚಿಟ್ಟೆಯ ಮರಿಹುಳ ಹಾರ್ಲೆಕ್ವಿನ್ನನ್ನೇ ಹಿಡಿದು ತಿನ್ನುತ್ತದೆ. ಗಂಡನ್ನು ಗೂಡಿಗೆ ಇಳಿಸಲು ನಾನು ಕೊಡುವ ಮೇವು ಯಾವುದು ಎಂಬುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಬಸವನಹುಳ ತಿನ್ನಲಿ ಅಂತ ಪಶ್ಚಿಮಘಟ್ಟದ ಕುಳ್ಳ ಪಫರ್ ಬಿಟ್ಟು ನೋಡಿದೆ. ಹುಳ ಖಾಲಿ ಮಾಡಿತು, ಜೊತೆಗೆ ಕೋರಿಯ ಬಾಲವನ್ನೂ ತರಿದುಹಾಕಿತು. ಎರಡು ಇಂಚೂ ಬೆಳೆಯದ ಮೀನೆಂದು ಯಾರೂ ಮೋಸಹೋಗಬಾರದು, ಅದಕ್ಕೆ ಬೇರೆಯದೇ ಟ್ಯಾಂಕ್ ಬೇಕು. ಚೆರ್ರಿ ಸೀಗಡಿ ಮಾತ್ರ ನಡೆಯಿತು: ದೊಡ್ಡವು ಉಳಿದವು, ಮರಿಗಳು ಗೌರಾಮಿ ಪಾಲು.

ಖರ್ಚು ನೆನಪಿದ್ದಂತೆ: ಟ್ಯಾಂಕ್ 1,300, ಪಂಪ್ ಮತ್ತು ಸ್ಪಾಂಜ್ ಫಿಲ್ಟರ್ 700, ಚಳಿಗಾಲಕ್ಕೆ 50 ವ್ಯಾಟ್ ಹೀಟರ್ 500. ಹಾರ್ಲೆಕ್ವಿನ್ ಐವತ್ತರಂತೆ, ಕೋರಿ ತೊಂಬತ್ತರಂತೆ, ಗೌರಾಮಿ ಎಂಬತ್ತರಂತೆ, ಮೀನಿಗೆಲ್ಲ ಸೇರಿ 1,200 ದಾಟಲಿಲ್ಲ.

ನೀರು ಹೊರುವುದು ಆಗದವರು ಬೋರ್‌ವೆಲ್ ನೀರಲ್ಲೇ ಪ್ಲಾಟಿ ಇಡಿ, ಒಂದು ಗಂಡಿಗೆ ಎರಡು ಹೆಣ್ಣು. ಇಲ್ಲವೇ ಬರೀ ಗಂಡು ಗಪ್ಪಿ ಎಂಟು. ಅವಕ್ಕೆ ಗಡಸು ನೀರೇ ಇಷ್ಟ. ಆದರೆ ಊಟ ಅರ್ಧ ಕಡಿಮೆ ಹಾಕಿ: ಪಿಎಚ್ 7ಕ್ಕೆ ಹೋಲಿಸಿದರೆ 8ರಲ್ಲಿ ಅಮೋನಿಯಾದ ವಿಷದ ಪಾಲು ಸುಮಾರು 10 ಪಟ್ಟು.