ಸಿಗ್ನಲ್ ಹೋದರೂ ಗ್ಲೈಡರ್ ನಮ್ಮ ಹೊಲದಲ್ಲೇ ಇಳಿಯಿತು: ನನ್ನ ಅನುಭವ

"ಗ್ಲೈಡರ್‌ಗೆ ಯಾಕಪ್ಪಾ ಫೇಲ್‌ಸೇಫ್? ಮೋಟರ್ರೇ ಇಲ್ಲ. ಕಂಟ್ರೋಲ್ ಹೋದ್ರೆ ತಾನೇ ತೇಲ್ಕೊಂಡು ಇಳಿಯುತ್ತೆ ಬಿಡು." ಮೂರು ವರ್ಷ ಇದೇ ಮಾತು ಕೇಳಿದ್ದೇನೆ. ನಾನು ಹಾರಿಸುವುದು ಮೋಟರ್ ಇಲ್ಲದ, ರಿಮೋಟ್‌ನಲ್ಲಿ ನಡೆಸುವ ಮಾಡೆಲ್ ಗ್ಲೈಡರ್. ಫೇಲ್‌ಸೇಫ್ ಅಂದರೆ ಸಿಗ್ನಲ್ ಹೋದಾಗ ಅದರ ರೆಕ್ಕೆ-ಬಾಲದ ಹಲಗೆಗಳು ಹೇಗೆ ನಿಲ್ಲಬೇಕು ಅಂತ ಮೊದಲೇ ಇಟ್ಟ ಸೆಟ್ಟಿಂಗ್. ಹೇಳಿದವರೆಲ್ಲ ಬೆಂಗಳೂರಿನ ಗೆಳೆಯರು. ಅಲ್ಲಿ ಜಕ್ಕೂರು, ಯಲಹಂಕ, ಎಚ್‌ಎಎಲ್, ದೇವನಹಳ್ಳಿ ವಿಮಾನ ನಿಲ್ದಾಣಗಳೆಲ್ಲ ಸೇರಿ ಡ್ರೋನ್ ನಕ್ಷೆಯಲ್ಲಿ ಹಸಿರು ಜಾಗ, ಅಂದರೆ ಅನುಮತಿ ಕೇಳದೆ ಹಾರಿಸಬಹುದಾದ ಜಾಗ, ಸಿಗುವುದೇ ಕಷ್ಟ. ಹಾಗಾಗಿ ಹಾರಿಸಲು ನಮ್ಮ ಚಿತ್ರದುರ್ಗದ ಕಡೆ ಬರುತ್ತಾರೆ. ಬಂದು ನನಗೇ ಪಾಠ ಹೇಳುತ್ತಾರೆ.

ತಾನೇ ಇಳಿಯುತ್ತದೆ ಎನ್ನುವುದು ಎಷ್ಟು ನಿಜ ಅಂತ ನನಗೆ 2022ರ ಮಾರ್ಚ್‌ನಲ್ಲಿ ಗೊತ್ತಾಯಿತು. ಎರಡು ಮೀಟರ್ ರೆಕ್ಕೆ, ಒಂದು ಕಿಲೋ ಮೇಲೆ ತೂಕ, ಸುಮಾರು 11 ಸಾವಿರದ ಗ್ಲೈಡರ್. ನೋಡಲು ಚೆನ್ನಾಗಿರಲಿ ಅಂತ ಆಂಟೆನಾವನ್ನು ಬಾಲದ ಕಾರ್ಬನ್ ಕೊಳವೆ (ಬೂಮ್) ಒಳಗೆ ತೂರಿಸಿದ್ದೆ. ಕಾರ್ಬನ್ ಸಿಗ್ನಲ್ ತಡೆಯುತ್ತದೆ ಅಂತ ಗೊತ್ತಿದ್ದೂ ಮಾಡಿದ ಕೆಲಸ, ಬೈಯುವವರು ಬೈಯಿರಿ. ಫೇಲ್‌ಸೇಫ್ 'ಹೋಲ್ಡ್'ನಲ್ಲಿತ್ತು, ಅಂದರೆ ಸಿಗ್ನಲ್ ಹೋದರೆ ಎಲ್ಲ ಹಲಗೆಗಳೂ ಕೊನೆಗೆ ಇದ್ದ ಸ್ಥಿತಿಯಲ್ಲೇ ಉಳಿಯುತ್ತವೆ. ಮೇಲೆ ಎರಡು ಹದ್ದು ಸುತ್ತುತ್ತಿದ್ದವು, ಒಳ್ಳೆ ಥರ್ಮಲ್, ಅಂದರೆ ಮೇಲೇರುವ ಬಿಸಿಗಾಳಿ. ಸಿಗ್ನಲ್ ಹೋಯಿತು. ಟ್ರಿಮ್ (ಕೈ ಬಿಟ್ಟರೂ ನೆಟ್ಟಗೆ ತೇಲುವ ಹೊಂದಾಣಿಕೆ) ಎಷ್ಟು ಚೆನ್ನಾಗಿ ಮಾಡಿದ್ದೆನೆಂದರೆ ಅದು ಇಳಿಯಲೇ ಇಲ್ಲ. ಏರುತ್ತಾ ಏರುತ್ತಾ ಊರಿನ ಮೇಲೆ ಹಾದು ಚುಕ್ಕಿಯಾಯಿತು.

ನಾಲ್ಕನೇ ದಿನ ಫೋನ್ ಬಂತು. "ಸಾರ್, ನಿಮ್ ಇಮಾನ ನಮ್ ತೆಂಗಿನ ಮರದಾಗೆ ಐತೆ." ರೆಕ್ಕೆ ಮೇಲೆ ನಂಬರ್ ಬರೆದದ್ದಕ್ಕೆ ಸಿಕ್ಕಿತು. ಮರ ಹತ್ತಿದವನಿಗೆ 300 ಕೊಟ್ಟೆ. ಯಜಮಾನರು ದುಡ್ಡು ಮುಟ್ಟಲಿಲ್ಲ, ಮರದ ಕೆಳಗೆ ಆಡುತ್ತಿದ್ದ ಮೊಮ್ಮಗಳನ್ನು ತೋರಿಸಿ ಸುಮ್ಮನಾದರು. ಆಮೇಲೆ ಎರಡು ತಿಂಗಳು ಟ್ರಾನ್ಸ್‌ಮಿಟರ್ ಮುಟ್ಟಲಿಲ್ಲ.

ಸಿಗ್ನಲ್ ಹೋದರೆ ಗ್ಲೈಡರ್ ಹತ್ತಿರದಲ್ಲೇ ಇಳಿಸುವ ಉಪಾಯ ಹುಡುಕಿದೆ. ಅದು ನನ್ನದಲ್ಲ, ಫ್ರೀ ಫ್ಲೈಟ್‌ನವರದು. ಕಂಟ್ರೋಲೇ ಇಲ್ಲದ ಮಾಡೆಲ್ ಥರ್ಮಲ್‌ನಲ್ಲಿ ಓಡಿಹೋಗದಿರಲಿ ಅಂತ ಅವರು ಮೊದಲೆಲ್ಲ ಉರಿಯುವ ಬತ್ತಿ ಕಟ್ಟುತ್ತಿದ್ದರು. ಬತ್ತಿ ಮುಗಿದೊಡನೆ ಬಾಲ ಮೇಲೆದ್ದು ಮಾಡೆಲ್ ಧೊಪ್ಪನೆ ಇಳಿಯುತ್ತಿತ್ತು. ಅದನ್ನೇ ಫೇಲ್‌ಸೇಫ್‌ನಲ್ಲಿ ಮಾಡಲು ಹೊರಟೆ.

ಮೊದಲ ಸಲ ರಡ್ಡರ್ (ಎಡ-ಬಲ ತಿರುಗಿಸುವ ಬಾಲದ ಹಲಗೆ) ಪೂರ್ತಿ ಕೊಟ್ಟೆ. ಎರಡು ಸುತ್ತು ಚೆಂದ, ಮೂರನೆಯದಕ್ಕೆ ಸುತ್ತುತ್ತಾ ನೆಲಕ್ಕೆ ಧುಮುಕುವ ಸ್ಪೈರಲ್ ಡೈವ್, ರೆಕ್ಕೆ ಮಡಚಿತು. ನಾಲ್ಕೂವರೆ ಸಾವಿರ ಮಣ್ಣುಪಾಲು. ಆಮೇಲೆ ರಡ್ಡರ್ ತೆಗೆದು ಎರಡೂ ಏಲೆರಾನ್ (ರೆಕ್ಕೆಯಂಚಿನ ಹಲಗೆಗಳು) ಮೇಲೆತ್ತಿದೆ. ಇಳಿಯಿತು, ಆದರೆ ನೆಟ್ಟಗೆ ಹೋಗಿ ಪಕ್ಕದ ಶೇಂಗಾ ಹೊಲದಲ್ಲಿ. ಹುಡುಕಲು ಹೋದ ನಾವು ನಾಲ್ವರು ಬೆಳೆ ತುಳಿದದ್ದಕ್ಕೆ 500 ಕಕ್ಕಬೇಕಾಯಿತು. ಕೊನೆಗೆ ಸರಿಬಂದದ್ದು: ಏಲೆರಾನ್ ಎರಡೂ ಮೇಲೆ, ರಡ್ಡರ್ ಕಾಲು ಭಾಗದಷ್ಟು, ಜೊತೆಗೆ ಸ್ವಲ್ಪ ಎಲಿವೇಟರ್ (ಮೂತಿ ಏರಿಳಿಸುವ ಬಾಲದ ಹಲಗೆ). ಎಲಿವೇಟರ್ ಎಷ್ಟು ಅಂತ ಕೇಳಬೇಡಿ, ಹದಿನೆಂಟು ಸಲ ಹಾರಿಸಿ ಕಂಡುಕೊಂಡದ್ದು, ನನ್ನ ಡೈರಿಯಲ್ಲೇ ಇರಲಿ. ನಿಮ್ಮ ಗ್ಲೈಡರ್‌ಗೆ ಅದು ಹೊಂದುವುದೂ ಇಲ್ಲ.

ಪರೀಕ್ಷೆಗೆ ಟ್ರಾನ್ಸ್‌ಮಿಟರ್ ಆಫ್ ಮಾಡುವುದು ನೆಲದ ಮೇಲೆ ಮಾತ್ರ. ಆಕಾಶದಲ್ಲಿ ಅದೇ ಸೆಟ್ಟಿಂಗ್ ಅನ್ನು ಸ್ವಿಚ್‌ಗೆ ಹಾಕಿ ನೋಡುತ್ತೇನೆ, ಕೆಟ್ಟರೆ ಸ್ವಿಚ್ ವಾಪಸ್. 100 ಮೀಟರ್‌ನಿಂದ ಇಳಿಯಲು 45 ಸೆಕೆಂಡ್ ಆಸುಪಾಸು. ಗಾಳಿ ಗಂಟೆಗೆ 15 ಕಿಲೋಮೀಟರ್ ಇದ್ದರೆ ಅಷ್ಟರಲ್ಲಿ ಸುತ್ತುತ್ತಲೇ 180, 190 ಮೀಟರ್ ಗಾಳಿ ಹೋದ ಕಡೆ ಸರಿಯುತ್ತದೆ. ಹಾಗಾಗಿ ಆ ಕಡೆ 300 ಮೀಟರ್ ಮನೆ, ರಸ್ತೆ, ಜನ ಏನೂ ಇಲ್ಲದಿದ್ದರೆ ಮಾತ್ರ ಹಾರಿಸುವುದು. ಇನ್ನೂ ಮೇಲೆ ಹೋದರೆ ಈ ಲೆಕ್ಕ ಕೆಡುತ್ತದೆ. ಹಸಿರು ವಲಯದಲ್ಲೂ ಅನುಮತಿಯಿಲ್ಲದೆ 400 ಅಡಿ ದಾಟಬೇಡಿ ಅಂತ 2021ರ ಡ್ರೋನ್ ನಿಯಮವಿದೆಯಲ್ಲ, ಅದೂ ಇಲ್ಲೇ ಕೂಡಿಬರುತ್ತದೆ. ಎತ್ತರ ತಿಳಿಸುವ ವೇರಿಯೊ 110 ಮೀಟರ್‌ಗೆ ಕೂಗುವಂತೆ ಇಟ್ಟಿದ್ದೇನೆ.

ಒಂದು ವಿಷಯ: ಗ್ಲೈಡರ್ ಒಳಗಿನ ರಿಸೀವರ್‌ಗೆ ಕರೆಂಟೇ ಹೋದರೆ ಈ ಯಾವ ಆಟವೂ ನಡೆಯದು, ಹಲಗೆಗಳನ್ನು ಆಡಿಸುವ ಸರ್ವೊಗಳು ಇದ್ದಲ್ಲೇ ನಿಲ್ಲುತ್ತವೆ. ನನ್ನ ಹಳೇ ಫೋಮ್ ಗ್ಲೈಡರ್ ಕೆರೆಗೆ ಬಿದ್ದದ್ದು ಹೀಗೆ.

ಈ ಮಧ್ಯೆ ರೆಕ್ಕೆಯಡಿ ಟೇಪ್ ಅಂಟಿಸಿ ನೋಡಿದೆ. ಕಿತ್ತಳೆ ಬಣ್ಣ ದೂರಕ್ಕೆ ಏನೂ ಪ್ರಯೋಜನವಿಲ್ಲ, ಕಪ್ಪೇ ಎದ್ದು ಕಾಣುತ್ತದೆ. ಗ್ಲೈಡರ್ ಎಳೆದು ಮೇಲೆ ಹಾರಿಸುವ ಬಂಜಿ ರಬ್ಬರ್‌ನ ಗೂಟದ ಕಥೆಯೂ ಇದೆ. ಮಳೆ ಬಿದ್ದ ಎರೆ ಹೊಲದಲ್ಲಿ ದನ ಕಟ್ಟುವ ಗೂಟ ನೆಟ್ಟು ರಬ್ಬರ್ ಎಳೆದರೆ, ಗೂಟವೇ ಕಿತ್ತು ಮೊಣಕಾಲ ಪಕ್ಕ ಸುಂಯ್ ಅಂತ ಹೋಯಿತು. ಈಗ ಎರಡು ಗೂಟ, ಹಿಂದಿನದಕ್ಕೆ ಬೇರೆ ಹಗ್ಗ.

ಈ ಫೆಬ್ರವರಿಯಲ್ಲಿ ಬೆಂಗಳೂರಿನವರೆಲ್ಲ ನಿಂತಿದ್ದಾಗಲೇ ನನ್ನ ಟ್ರಾನ್ಸ್‌ಮಿಟರ್ ಸ್ಕ್ರೀನ್ ಕಪ್ಪಾಯಿತು. ಗ್ಲೈಡರ್ 90 ಮೀಟರ್ ಮೇಲಿತ್ತು. ಏಲೆರಾನ್ ಎದ್ದವು, ಸುತ್ತತೊಡಗಿತು. ಯಾರೂ ಮಾತಾಡಲಿಲ್ಲ. ಒಂಬತ್ತೋ ಹತ್ತೋ ಸುತ್ತು, ಕೊಯ್ದ ರಾಗಿ ಹೊಲದ ಕೂಳೆ ಮೇಲೆ ಒಂದು ರೆಕ್ಕೆ ತಾಗಿ ಕೂತಿತು. ನಮ್ಮಿಂದ 200 ಹೆಜ್ಜೆ. ಹಾನಿ ಒಂದು ಸರ್ವೊ ಗೇರ್, 250 ರೂಪಾಯಿ.

"ಮಾರಾಯಾ, ಆ ಎಲಿವೇಟರ್ ಎಷ್ಟಿಟ್ಟಿದೀಯ?" ಅಂತ ಒಬ್ಬ ಕೇಳಿದ. ಹೇಳಲಿಲ್ಲ. ಸ್ಕ್ರೀನ್ ಕಪ್ಪಾಗಿದ್ದಕ್ಕೆ ಕಾರಣವನ್ನೂ ಆವತ್ತು ಹೇಳಲಿಲ್ಲ: ಬ್ಯಾಟರಿ ಡಬ್ಬಿಯ ಸ್ಪ್ರಿಂಗ್ ತುಕ್ಕು ಹಿಡಿದಿತ್ತು, ಒಂದು ತಿಂಗಳಿಂದ ನನಗೆ ಗೊತ್ತಿತ್ತು.