ಮೊದಲು ಶಾಖ, ಆಮೇಲೆ ಫ್ಯಾನ್: ನನ್ನ ಡೆಸ್ಕ್‌ಟಾಪಿನ ಸದ್ದಡಗಿಸಿದ ಅನುಭವ

ನನ್ನ ಡೆಸ್ಕ್‌ಟಾಪ್ ಈಗ ಹಗುರ ಕೆಲಸಗಳಲ್ಲಿ ಕೇಳಿಸುವುದೇ ಇಲ್ಲ. ಗಂಟೆಗಟ್ಟಲೆ ವೀಡಿಯೊ ರೆಂಡರ್ ಮಾಡುವಾಗ ಅಥವಾ ಭಾರಿ ಗೇಮ್ ಆಡುವಾಗ ಕಿವಿಗೊಟ್ಟು ಆಲಿಸಿದರೆ ಮಾತ್ರ ಗಾಳಿ ಹರಿಯುವ ಮೆಲುಸದ್ದು ತಿಳಿಯುತ್ತದೆ. ಒಳಗಿರುವುದು ರೈಜೆನ್ 7 5800ಎಕ್ಸ್ ಪ್ರೊಸೆಸರ್ ಮತ್ತು ಆರ್‌ಟಿಎಕ್ಸ್ 3070 ಗ್ರಾಫಿಕ್ಸ್ ಕಾರ್ಡ್, ಎರಡೂ ಚೆನ್ನಾಗಿ ಬಿಸಿಯಾಗುವಂಥವೇ. ಹೊಸ ಕ್ಯಾಬಿನೆಟ್ ಕೊಳ್ಳದೆ, ಲಿಕ್ವಿಡ್ ಕೂಲರ್ ಇಟ್ಟುಕೊಳ್ಳದೆ, ಒಳಗೆ ಒಂದು ತುಂಡು ಫೋಮ್ ಕೂಡ ಉಳಿಸಿಕೊಳ್ಳದೆ ಯಂತ್ರವನ್ನು ಈ ಮಟ್ಟಕ್ಕೆ ತರಬಹುದೆಂದು ನಾನು ಹೇಳಿದಾಗ ಇದೇ ಹವ್ಯಾಸದ ಗೆಳೆಯರು ನಂಬಲಿಲ್ಲ. ಕ್ಯಾಬಿನೆಟ್ಟಿನ ಫ್ಯಾನ್ ಎದುರಿನ ಜಾಲರಿ ಕತ್ತರಿಸಿ ತೆಗೆದರೆ ಒಳಗಿನ ಸದ್ದೆಲ್ಲ ಹೊರಗೆ ಬರುತ್ತದೆ ಎಂದು ಒಬ್ಬರು, ವೋಲ್ಟೇಜ್ ಇಳಿಸಿದರೆ ದುಬಾರಿ ಕಾರ್ಡ್ ಕೊಂಡದ್ದೇ ವ್ಯರ್ಥ ಎಂದು ಇನ್ನೊಬ್ಬರು ವಾದಿಸಿದರು. ಇಡೀ ಒಂದು ಬೇಸಿಗೆ ಕಳೆದ ಮೇಲೂ ಯಂತ್ರ ಹಾಗೆಯೇ ನಡೆಯುತ್ತಿರುವುದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಬಿಡಿಭಾಗಗಳ ಪರಿಚಯ, ಬಯೋಸ್ (ಯಂತ್ರದ ಮೂಲ ಸೆಟ್ಟಿಂಗುಗಳ ಪರದೆ) ಒಳಗಿನ ಓಡಾಟ ಇವೆಲ್ಲ ಓದುವವರಿಗೆ ರೂಢಿಯಿದೆಯೆಂದು ಭಾವಿಸಿದ್ದೇನೆ. ಅಳತೆಯ ಅಂಕಿಗಳನ್ನು ನೆನಪಿನಿಂದ ಕೊಡುತ್ತಿರುವುದರಿಂದ ತುಸು ಆಚೀಚೆ ಇರಬಹುದು.

ದುಡ್ಡು ಹೋದ ದಾರಿಯನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಹೊರಡುವುದು ಅಲ್ಲಿಂದಲೇ. ಸದ್ದು ಹೀರುವ ಫೋಮ್ ಹಾಳೆಗಳನ್ನು ಕ್ಯಾಬಿನೆಟ್ಟಿನ ಎರಡೂ ಪಕ್ಕಕ್ಕೆ ಮತ್ತು ಮೇಲ್ಭಾಗಕ್ಕೆ ಅಂಟಿಸಿದೆ. ಸುಂಯ್ ಎನ್ನುವ ಮೊನಚು ಸದ್ದು ಸ್ವಲ್ಪ ಮೊಂಡಾಯಿತು, ನಿಜ. ಆದರೆ ತಲೆ ಹಿಡಿದುಬಿಡುವ ಗುಂಯ್‌ಗುಡುವ ಸದ್ದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ನಿಮಿಷಕ್ಕೆ 7200 ಸುತ್ತು (ಆರ್‌ಪಿಎಂ) ತಿರುಗುವ ಹಾರ್ಡ್ ಡಿಸ್ಕಿನ ಮೂಲ ಗುಂಗು 120 ಹರ್ಟ್ಸ್‌ನದು, ಗಾಳಿಯಲ್ಲಿ ಆ ಅಲೆಯ ಉದ್ದ ಹೆಚ್ಚುಕಡಿಮೆ 2.8 ಮೀಟರ್; ಒಂದು ಸೆಂಟಿಮೀಟರ್ ದಪ್ಪದ ಫೋಮ್ ಅದನ್ನು ಹೀರುವುದು ಸಾಧ್ಯವೇ ಇಲ್ಲ. ಅದರ ಮೇಲೆ, ಫೋಮ್ ಮೇಲ್ಭಾಗದ ತೂತುಗಳನ್ನು ಮುಚ್ಚಿ, ಒಳಗಿನ ಜಾಗವನ್ನೂ ತಿಂದು, ಉಷ್ಣತೆಯನ್ನು ನಾಲ್ಕೈದು ಡಿಗ್ರಿ ಏರಿಸಿತು. ಉಷ್ಣತೆ ಏರಿದಾಗ ಫ್ಯಾನುಗಳು ಜೋರಾದವು, ಫೋಮ್ ನುಂಗಿದ್ದ ಸದ್ದನ್ನು ಫ್ಯಾನುಗಳು ಬಡ್ಡಿಸಮೇತ ವಾಪಸು ಕೊಟ್ಟವು. ಪಕ್ಕದ ತಗಡು ಅದುರದಂತೆ ಅಂಟಿಸುವ ಭಾರವಾದ ಬಿಟುಮೆನ್ ಹಾಳೆ ಮಾತ್ರ ಬೇರೆ ಜಾತಿಯ ವಸ್ತು. ಅದರಿಂದ ಸ್ವಲ್ಪ ಪ್ರಯೋಜನವಾಯಿತು, ಅದು ಈಗಲೂ ಒಂದು ಪಕ್ಕದಲ್ಲಿ ಉಳಿದಿದೆ.

ಅದಾದ ಮೇಲೆ 240 ಮಿ.ಮೀ. ರೇಡಿಯೇಟರಿನ ಲಿಕ್ವಿಡ್ ಕೂಲರ್ ತಂದೆ. ಪ್ರೊಸೆಸರ್ ತಣ್ಣಗಾಯಿತು, ಕಿವಿಗೆ ಮಾತ್ರ ನೆಮ್ಮದಿ ಸಿಗಲಿಲ್ಲ. ಯಂತ್ರ ಸುಮ್ಮನೆ ಕುಳಿತಿರುವಾಗಲೂ ಪಂಪ್ ನಿಮಿಷಕ್ಕೆ ಎರಡೂವರೆ ಸಾವಿರಕ್ಕಿಂತ ಹೆಚ್ಚು ಸುತ್ತುತ್ತಿತ್ತು, ಅದರ ಸಣ್ಣ ಕೊರೆತ ರಾತ್ರಿಯ ಹೊತ್ತು ಫ್ಯಾನಿಗಿಂತ ಹೆಚ್ಚು ಕಾಡುತ್ತಿತ್ತು. ಪಂಪಿನ ವೇಗ ಇಳಿಸಿದರೆ ನೀರಿನೊಳಗಿನ ಗಾಳಿಗುಳ್ಳೆಗಳು ಗುಳುಗುಳು ಎನ್ನುತ್ತಿದ್ದವು. ರೇಡಿಯೇಟರಿನ ಮೇಲಂಚು ಪಂಪಿಗಿಂತ ಎತ್ತರದಲ್ಲಿರುವಂತೆ ಕೂರಿಸಿದಾಗ ಗುಳ್ಳೆಯ ಸದ್ದು ನಿಂತಿತು, ಕೊರೆತ ನಿಲ್ಲಲಿಲ್ಲ. ಕೊನೆಗೆ ಕೊಂಡ ಬೆಲೆಯ ಅರ್ಧಕ್ಕೆ ಅದನ್ನು ಮಾರಿ, ಮೂಲೆಗೆ ಸೇರಿದ್ದ ಗಾಳಿಯಿಂದ ತಣಿಸುವ ಹಳೆಯ ಟವರ್ ಕೂಲರನ್ನೇ ಮತ್ತೆ ಕೂರಿಸಿದೆ. ಫ್ಯಾನಿನ ತಂತಿಗೆ ರೆಸಿಸ್ಟರ್ ಅಡಾಪ್ಟರ್ ಹಾಕುವುದು, 12 ಮತ್ತು 5 ವೋಲ್ಟ್ ತಂತಿಗಳ ನಡುವೆ ಜೋಡಿಸಿ 7 ವೋಲ್ಟಿಗೆ ಓಡಿಸುವುದು, ಈ ಹಳೆಯ ಉಪಾಯಗಳನ್ನೂ ಮಾಡಿ ನೋಡಿದ್ದಾಯಿತು. ಕೆಲವು ಫ್ಯಾನುಗಳು ಅಷ್ಟು ಕಡಿಮೆ ವೋಲ್ಟೇಜಿಗೆ ಚಾಲೂ ಆಗುವುದೇ ಇಲ್ಲ, ಚಾಲೂ ಆದವು ಹೊರೆ ಬಿದ್ದಾಗ ವೇಗ ಹೆಚ್ಚಿಸಿಕೊಳ್ಳಲಾರವು. ಫೋಮ್, ಕೂಲರ್, ಅಡಾಪ್ಟರುಗಳು, ಬದಲಿಸಿದ ಫ್ಯಾನುಗಳು ಎಲ್ಲ ಸೇರಿ ಗ್ರಾಫಿಕ್ಸ್ ಕಾರ್ಡಿನ ಬೆಲೆಯ ಸುಮಾರು ಮೂರನೇ ಒಂದು ಭಾಗ ಕೈಬಿಟ್ಟಿತು.

ಇವೆಲ್ಲದರಲ್ಲಿ ನಡೆದದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂಥ ಚಿಕಿತ್ಸೆ. ಸದ್ದು ಮಾಡುವುದು ಫ್ಯಾನ್, ಆದರೆ ಅದನ್ನು ಓಡಿಸುವುದು ಶಾಖ. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು 15 ಡೆಸಿಬೆಲ್ ಕುಸಿಯುತ್ತದೆ. ಅಂಥದೇ ಇನ್ನೊಂದು ಫ್ಯಾನ್ ಸೇರಿಸಿದರೆ ಏರುವುದು 3 ಡೆಸಿಬೆಲ್ ಮಾತ್ರ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟುಕೊಂಡರೆ ಮುಂದಿನ ದಾರಿ ತಾನಾಗಿ ತೆರೆಯುತ್ತದೆ: ಶಾಖವನ್ನು ಹುಟ್ಟುವಲ್ಲಿಯೇ ಇಳಿಸಬೇಕು, ಉಳಿದದ್ದನ್ನು ದೊಡ್ಡ ಫ್ಯಾನುಗಳಿಂದ ನಿಧಾನವಾಗಿ ಹೊರಹಾಕಬೇಕು, ಗಾಳಿಯ ದಾರಿಗೆ ಅಡ್ಡ ಬಂದದ್ದನ್ನೆಲ್ಲ ತೆಗೆಯಬೇಕು.

ಪ್ರೊಸೆಸರನ್ನು ಬಯೋಸ್‌ನಲ್ಲಿ 65 ವ್ಯಾಟ್ ಎಂದು ಹೆಸರಿಸಿದ, ವಿದ್ಯುತ್ ಬಳಕೆ ತಗ್ಗಿಸುವ ಇಕೋ ಮೋಡ್‌ಗೆ ಇಳಿಸಿದೆ. 5800ಎಕ್ಸ್ ಸಾಕೆಟ್ಟಿನಿಂದ ಎಳೆಯಬಹುದಾದ ಗರಿಷ್ಠ ವಿದ್ಯುತ್ತು ಇದರಿಂದ 142 ವ್ಯಾಟ್‌ನಿಂದ 88 ವ್ಯಾಟ್‌ಗೆ ಇಳಿಯುತ್ತದೆ. ರೆಂಡರಿಂಗಿನಲ್ಲಿ ನಾನು ಕಳೆದುಕೊಂಡದ್ದು ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ವೇಗ, ಗೇಮ್‌ಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ, ಉಷ್ಣತೆ ಮಾತ್ರ ಹದಿನೈದು ಡಿಗ್ರಿಗೂ ಹೆಚ್ಚು ಇಳಿಯಿತು. ಅದರ ಮೇಲೆ ಕೋರ್‌ಗಳ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಸರಿನಲ್ಲಿ ಎಲ್ಲ ಕೋರ್‌ಗಳಿಗೂ ಋಣ ಹದಿನೈದರ ಆಸುಪಾಸು, ಅತ್ಯುತ್ತಮವಾದ ಎರಡು ಕೋರ್‌ಗಳಿಗೆ ಇನ್ನೂ ಕಡಿಮೆ ಅಂತರ ಕೊಟ್ಟಿದ್ದೇನೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಕರ್ವ್ ಅತಿಯಾದರೆ ಯಂತ್ರ ಪೂರ್ಣ ಹೊರೆಯಲ್ಲಿ ಗಟ್ಟಿಯಾಗಿ ನಿಂತು, ಏನೂ ಕೆಲಸವಿಲ್ಲದೆ ಕುಳಿತಿರುವಾಗ ಇದ್ದಕ್ಕಿದ್ದಂತೆ ರೀಸ್ಟಾರ್ಟ್ ಆಗುತ್ತದೆ. ಆದ್ದರಿಂದ ಸ್ಟ್ರೆಸ್ ಟೆಸ್ಟ್ ದಾಟಿತೆಂದು ಕೈತೊಳೆದುಕೊಳ್ಳದೆ ಕೆಲವು ದಿನ ಸಾಧಾರಣ ಬಳಕೆಯಲ್ಲಿಯೇ ಪರೀಕ್ಷಿಸಬೇಕು.

ನಿಜವಾದ ಲಾಭ ಬಂದದ್ದು ಗ್ರಾಫಿಕ್ಸ್ ಕಾರ್ಡಿನಿಂದ. ಕಾರ್ಡನ್ನು ಹೊಂದಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದ ವೋಲ್ಟೇಜ್ ಕರ್ವ್ ತೆರೆದು, 0.85 ವೋಲ್ಟಿಗೆ ಸುಮಾರು 1800 ಮೆಗಾಹರ್ಟ್ಸ್ ಇಟ್ಟು, ಅಲ್ಲಿಂದ ಮುಂದಕ್ಕೆ ಗೆರೆಯನ್ನು ಚಪ್ಪಟೆ ಮಾಡಿದೆ. 220 ವ್ಯಾಟ್‌ನ ಕಾರ್ಡು ನೂರಾ ಅರವತ್ತರ ಆಸುಪಾಸಿಗೆ ಬಂತು. ಗೇಮ್‌ನಲ್ಲಿ ಸೆಕೆಂಡಿಗೆ ಮೂಡುವ ಫ್ರೇಮ್‌ಗಳಲ್ಲಿ ಇಳಿದದ್ದು ಶೇಕಡಾ ಮೂರೋ ನಾಲ್ಕೋ ಇರಬೇಕು. ದುಬಾರಿ ಕಾರ್ಡ್ ವ್ಯರ್ಥವಾಗುತ್ತದೆ ಎಂದವರಿಗೆ ಎರಡೂ ಸ್ಥಿತಿಗಳನ್ನು ಓಡಿಸಿ ತೋರಿಸಿ, ಯಾವುದು ಯಾವುದೆಂದು ಹೇಳಿರೆಂದು ಕೇಳಿದೆ. ಪರದೆ ನೋಡಿ ಹೇಳಲು ಅವರಿಂದ ಆಗಲಿಲ್ಲ, ಕಿವಿಯಿಂದ ತಕ್ಷಣ ಹೇಳಿದರು. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕಹಾಕಿ ಚಿತ್ರಿಸುವ ವಿಧಾನ) ಇರುವ ಗೇಮ್‌ಗಳು ಹೀಗೆ ವೋಲ್ಟೇಜ್ ಇಳಿಸುವುದನ್ನು, ಅಂದರೆ ಅಂಡರ್‌ವೋಲ್ಟನ್ನು, ಹೆಚ್ಚು ಕಠಿಣವಾಗಿ ಪರೀಕ್ಷಿಸುತ್ತವೆ. ಬೇರೆಲ್ಲದರಲ್ಲೂ ನಿಂತ ಒಂದು ಸೆಟ್ಟಿಂಗ್ ಅಲ್ಲಿ ಬಿದ್ದದ್ದರಿಂದ ಒಂದೆರಡು ಮೆಟ್ಟಿಲು ಹಿಂದೆ ಸರಿದು ನಿಲ್ಲಿಸಿದ್ದೇನೆ. ಇಷ್ಟು ಕೆಲಸಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ.

ಈಗ ಜಾಲರಿಯ ವಿಷಯ. ಕ್ಯಾಬಿನೆಟ್ಟಿನ ಹಿಂಬದಿ ಫ್ಯಾನಿನ ಎದುರು ತಗಡಿನಲ್ಲಿಯೇ ಒತ್ತಿ ತೆಗೆದ ಷಟ್ಕೋನದ ತೂತುಗಳಿದ್ದವು, ಅಲ್ಲಿ ತೂತಿಗಿಂತ ತಗಡೇ ಹೆಚ್ಚೆನಿಸುವಂತಿತ್ತು. ಅದಕ್ಕೆ ಕೈಯಲ್ಲಿ ಹಿಡಿದ ಫ್ಯಾನನ್ನು ನಿಧಾನವಾಗಿ ಹತ್ತಿರ ತಂದು ನೋಡಿದರೆ ಸಾಕು: ಒಂದೆರಡು ಸೆಂಟಿಮೀಟರ್ ಅಂತರ ಬರುತ್ತಿದ್ದಂತೆ ಸದ್ದಿನ ಬಣ್ಣವೇ ಬದಲಾಗಿ ಒರಟಾಗುತ್ತದೆ. ಮದರ್‌ಬೋರ್ಡ್ ಸಮೇತ ಎಲ್ಲವನ್ನೂ ಹೊರತೆಗೆದು, ತಗಡು ಕತ್ತರಿಯಿಂದ ಜಾಲರಿಯನ್ನು ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ರಬ್ಬರ್ ಪಟ್ಟಿ ಕೂರಿಸಿದೆ. ಬೋರ್ಡನ್ನು ಒಳಗೇ ಇಟ್ಟು ಕತ್ತರಿಸುವ ಯೋಚನೆ ಯಾರೂ ಮಾಡಬಾರದು. ಲೋಹದ ಒಂದು ಚೂರು ಸಾಕು ಎಲ್ಲವನ್ನೂ ಸುಡಲು. ಬೆರಳು ಸಿಗದಂತೆ ತೆಳು ತಂತಿಯ ದುಂಡು ಗ್ರಿಲ್ ಹಾಕಿದ್ದೇನೆ. ಮುಂಬದಿಯ ಮುಚ್ಚಿದ ಫಲಕವನ್ನು ಸ್ಪೇಸರ್ ಕೊಟ್ಟು ಸುಮಾರು ಒಂದೂವರೆ ಸೆಂಟಿಮೀಟರ್ ಮುಂದಕ್ಕೆ ನಿಲ್ಲಿಸಿದೆ. ಮುಂದೆ 140 ಮಿ.ಮೀ.ನ ಎರಡು ಫ್ಯಾನುಗಳು ಆರುನೂರು ಆರ್‌ಪಿಎಂ ಸುತ್ತಮುತ್ತ, ಹಿಂದೆ 120 ಮಿ.ಮೀ.ನ ಒಂದು ಅದಕ್ಕಿಂತ ಸ್ವಲ್ಪ ಜೋರಾಗಿ ತಿರುಗುತ್ತವೆ. ಮೇಲ್ಭಾಗದ ತೂತುಗಳನ್ನು ಒಳಗಿನಿಂದ ಅಂಟುಪಟ್ಟಿಯಿಂದ ಮುಚ್ಚಿದ್ದೇನೆ, ಏಕೆಂದರೆ ತೆಳು ಕಾಗದದ ಪಟ್ಟಿ ಹಿಡಿದು ನೋಡಿದಾಗ ಮುಂದಿನಿಂದ ಬಂದ ತಂಪು ಗಾಳಿಯ ಒಂದು ಪಾಲು ಕೂಲರನ್ನು ಮುಟ್ಟುವ ಮೊದಲೇ ಅಲ್ಲಿಂದ ಸೋರಿಹೋಗುತ್ತಿತ್ತು. ಜಾಲರಿ ತೆಗೆದರೆ ಸದ್ದು ಹೊರಬರುತ್ತದೆ ಎಂಬ ವಾದ ತಾತ್ವಿಕವಾಗಿ ಸುಳ್ಳಲ್ಲ. ಆದರೆ ಒಳಗೆ ಹುಟ್ಟುವ ಸದ್ದೇ ಅಷ್ಟು ಇಳಿದ ಮೇಲೆ ಹೊರಬರಲು ಏನೂ ಉಳಿಯುವುದಿಲ್ಲ.

ಕಾರ್ಡಿನ ಮೂಲ ಫ್ಯಾನುಗಳನ್ನೂ ಅವುಗಳ ಪ್ಲಾಸ್ಟಿಕ್ ಕವಚವನ್ನೂ ಬಿಚ್ಚಿ, ಶಾಖ ಹೀರುವ ಲೋಹದ ಹೀಟ್‌ಸಿಂಕಿಗೆ 120 ಮಿ.ಮೀ.ನ ಎರಡು ಫ್ಯಾನುಗಳನ್ನು ಕೇಬಲ್ ಟೈಗಳಿಂದ ಕಟ್ಟಿದೆ; ಕಾರ್ಡಿನ ಸಣ್ಣ ಫ್ಯಾನ್ ಕನೆಕ್ಟರಿನಿಂದ ಸಾಧಾರಣ ನಾಲ್ಕು ಪಿನ್ನಿಗೆ ಬದಲಿಸುವ ಅಡಾಪ್ಟರ್ ಸಿಗುತ್ತದೆ. ಮೊದಲು ಎರಡು ಸಾವಿರ ಆರ್‌ಪಿಎಂ ಬೇಕಾಗುತ್ತಿದ್ದ ಕಡೆ ಈಗ ಒಂಬೈನೂರು ಸಾಕು. ಕೆಲವು ಕಾರ್ಡುಗಳಲ್ಲಿ ಕವಚ ಬಿಚ್ಚಿದರೆ ವಾರಂಟಿ ಹೋಗುತ್ತದೆ, ನನ್ನದು ಅಷ್ಟರಲ್ಲಿ ಮುಗಿದಿತ್ತು. ಫ್ಯಾನುಗಳು, ಸ್ಪ್ಲಿಟರ್, ಅಡಾಪ್ಟರ್, ಗ್ರಿಲ್, ರಬ್ಬರ್ ಪಟ್ಟಿ ಎಲ್ಲದರ ಖರ್ಚು ಕೂಡಿಸಿದರೂ ಕಾರ್ಡಿನ ಬೆಲೆಯ ಹತ್ತನೇ ಒಂದು ಭಾಗವಾಗಲಿಲ್ಲ.

ಇದರ ನಡುವೆ ಒಂದು ವಿಚಿತ್ರ ಸಮಸ್ಯೆ ಎದುರಾಗಿ ವಾರಗಟ್ಟಲೆ ಅದರ ಹಿಂದೆ ಬಿದ್ದಿದ್ದೆ. ಎಲ್ಲ ಫ್ಯಾನುಗಳೂ ನಿಧಾನವಾದ ಮೇಲೆ ಉಸಿರಾಟದ ಹಾಗೆ ಏರಿಳಿಯುವ ಒಂದು ಸದ್ದು ಶುರುವಾಯಿತು. ಒಂದೊಂದೇ ಫ್ಯಾನ್ ನಿಲ್ಲಿಸಿ ಕೇಳಿದರೆ ಯಾವುದರಲ್ಲೂ ದೋಷವಿಲ್ಲ. ಕಾರಣ ಮುಂಬದಿಯ ಎರಡು ಫ್ಯಾನುಗಳ ನಡುವಿನ ಅಲ್ಪ ವ್ಯತ್ಯಾಸ: ಏಳು ರೆಕ್ಕೆಗಳ ಎರಡು ಫ್ಯಾನುಗಳು 20 ಆರ್‌ಪಿಎಂ ಅಂತರದಲ್ಲಿ ತಿರುಗಿದರೆ ಅವುಗಳ ಸ್ವರಗಳು ಸೇರಿ ಸೆಕೆಂಡಿಗೆ ಎರಡು ಬಾರಿಗಿಂತ ತುಸು ಹೆಚ್ಚು ಮಿಡಿಯುತ್ತವೆ. ವೇಗ ನಿಯಂತ್ರಿಸುವ ಪಿಡಬ್ಲ್ಯೂಎಂ ಸಂಕೇತವನ್ನು ಒಂದೇ ರೀತಿ ಕೊಟ್ಟರೂ ಎರಡು ಫ್ಯಾನುಗಳು ಕರಾರುವಾಕ್ಕಾಗಿ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಬೇಕೆಂದೇ ಅವುಗಳ ವೇಗವನ್ನು ನೂರಕ್ಕಿಂತ ಹೆಚ್ಚು ದೂರ ಸರಿಸಿದಾಗ ಮಿಡಿತ ಹೋಯಿತು. ಆಮೇಲೆ ಒಂದನ್ನು ತೆಗೆದು ಒಂಬತ್ತು ರೆಕ್ಕೆಯದನ್ನು ಹಾಕಿದ್ದು ಇನ್ನೂ ಉತ್ತಮವಾಯಿತು. ಸದ್ದಿನ ಮೂಲ ಹುಡುಕಲು ರಟ್ಟಿನ ಕೊಳವೆಯ ಒಂದು ತುದಿಯನ್ನು ಕಿವಿಗೆ ಹಿಡಿದು ಇನ್ನೊಂದನ್ನು ಒಳಗೆಲ್ಲ ಆಡಿಸುವುದು ಯಾವ ಮಾಪಕಕ್ಕಿಂತಲೂ ಹೆಚ್ಚು ನೆರವಾಗಿದೆ. ಫೋನಿನ ಡೆಸಿಬೆಲ್ ಆ್ಯಪ್ ಮೊದಲು 44 ತೋರಿಸುತ್ತಿದ್ದದ್ದು ಈಗ 32ರ ಹತ್ತಿರ ನಿಲ್ಲುತ್ತದೆ. ಆದರೆ ಅಷ್ಟು ಕೆಳಗೆ ಫೋನಿನ ಮೈಕ್ ತನ್ನದೇ ಮಿತಿಯನ್ನು ಮುಟ್ಟುವುದರಿಂದ ನಾನು ಅದನ್ನು ಹಿಂದೆ ಮುಂದೆ ಹೋಲಿಸಲು ಮಾತ್ರ ಬಳಸಿದ್ದೇನೆ.

ಕಿವಿಯನ್ನು ಕೆಣಕುವುದು ಸದ್ದಿಗಿಂತ ಸದ್ದಿನ ಬದಲಾವಣೆ. ರೈಜೆನ್ ಪ್ರೊಸೆಸರ್ ಒಂದು ಪುಟ ತೆರೆದರೂ ಕ್ಷಣಮಾತ್ರದಲ್ಲಿ ಹತ್ತು ಹನ್ನೆರಡು ಡಿಗ್ರಿ ಜಿಗಿದು ಇಳಿಯುತ್ತದೆ, ಬಯೋಸ್‌ನ ಮೂಲ ಸೆಟ್ಟಿಂಗಿನಲ್ಲಿ ಫ್ಯಾನ್ ಪ್ರತಿ ಜಿಗಿತದ ಹಿಂದೆಯೂ ಓಡುತ್ತದೆ. ಫ್ಯಾನ್ ಕಂಟ್ರೋಲ್ ಎಂಬ ಉಚಿತ ತಂತ್ರಾಂಶದಲ್ಲಿ ಉಷ್ಣತೆಯ ಸರಾಸರಿ ಹಿಡಿದು, ಏರುವುದಕ್ಕೂ ಇಳಿಯುವುದಕ್ಕೂ ತಡ ಕೊಟ್ಟು, ಕ್ಯಾಬಿನೆಟ್ ಫ್ಯಾನುಗಳು ಪ್ರೊಸೆಸರ್ ಮತ್ತು ಕಾರ್ಡ್ ಎರಡರಲ್ಲಿ ಬಿಸಿ ಹೆಚ್ಚಿರುವುದನ್ನು ಅನುಸರಿಸುವಂತೆ ಮಾಡಿದ್ದೇನೆ. ಅರವತ್ತು ಡಿಗ್ರಿಯವರೆಗೆ ಫ್ಯಾನ್ ವೇಗದ ಗೆರೆ ಚಪ್ಪಟೆ. ಅದರಾಚೆಯ ಬಿಂದುಗಳನ್ನು ಇಲ್ಲಿ ಕೊಡುವುದಿಲ್ಲ. ಅವುಗಳನ್ನು ಹದಕ್ಕೆ ತರಲು ನಾನು ಪಟ್ಟ ಪಾಡು ಬಹಳ, ಮತ್ತು ಬೇರೆ ಕೂಲರಿಗೆ ಅವು ಹೇಗೂ ಹೊಂದುವುದಿಲ್ಲ. ಫ್ಯಾನಿನ ನಾಲ್ಕು ಮೂಲೆಗಳಲ್ಲಿ ಸ್ಕ್ರೂ ಬದಲು ನಾನು ಬಳಸಿರುವ ವಸ್ತುವಿನ ಗುಟ್ಟನ್ನೂ ಸದ್ಯಕ್ಕೆ ಬಿಟ್ಟುಕೊಡಲಾರೆ. ಅದು ಮಾರುಕಟ್ಟೆಯ ರಬ್ಬರ್ ಪಿನ್ ಅಲ್ಲ ಎಂದಷ್ಟೇ ಹೇಳಬಲ್ಲೆ.

ಹಾರ್ಡ್ ಡಿಸ್ಕನ್ನು ಕೆಲವು ತಿಂಗಳು ಎಲಾಸ್ಟಿಕ್ ಹುರಿಯಲ್ಲಿ ತೂಗುಹಾಕಿದ್ದೆ. 120 ಹರ್ಟ್ಸ್‌ನ ಗುಂಗು ಕ್ಯಾಬಿನೆಟ್ಟಿಗೆ ಹತ್ತದೆ ನಿಂತುಹೋಯಿತು, ಇದಕ್ಕಿಂತ ಅಗ್ಗದ ಪರಿಹಾರ ಇನ್ನೊಂದಿಲ್ಲ; ಹೆಡ್ ಓಡಾಡುವ ಕಟಕಟ ಮಾತ್ರ ಉಳಿಯಿತು. ಈಗ ಎಲ್ಲವೂ ತಿರುಗುವ ಭಾಗವಿಲ್ಲದ ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿದ್ದು, ಡಿಸ್ಕನ್ನು ಬ್ಯಾಕಪ್ ಹೊತ್ತಿನಲ್ಲಿ ಮಾತ್ರ ಹೊರಗಿನಿಂದ ಜೋಡಿಸುತ್ತೇನೆ. ಯಂತ್ರಕ್ಕೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ 750 ವ್ಯಾಟ್‌ನದು, ಕಡಿಮೆ ಹೊರೆಯಲ್ಲಿ ಫ್ಯಾನ್ ನಿಲ್ಲಿಸುವ ಬಗೆಯದು. ಇಡೀ ಯಂತ್ರದ ಬೇಡಿಕೆ ಮುನ್ನೂರು ವ್ಯಾಟ್ ಸುತ್ತಮುತ್ತ ಇಳಿದಿರುವುದರಿಂದ ಅದರ ಫ್ಯಾನ್ ತಿರುಗಿದ್ದನ್ನು ನೋಡಿ ಬಹಳ ಕಾಲವಾಯಿತು. ಫ್ಯಾನ್ ಬದಲಿಸಲೆಂದು ಎಸ್‌ಎಂಪಿಎಸ್ ತೆರೆಯುವವರಿದ್ದಾರೆ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ, ಆ ಕೆಲಸಕ್ಕೆ ನಾನು ಕೈ ಹಾಕಿಲ್ಲ, ಹಾಕುವುದೂ ಇಲ್ಲ.

ಉಳಿದೆಲ್ಲ ಸದ್ದು ಅಡಗಿದ ಮೇಲೆ ಕಾರ್ಡಿನೊಳಗಿನ ತಂತಿ ಸುರುಳಿಗಳ (ಕಾಯಿಲ್) ಕಿರುಗುಟ್ಟುವಿಕೆ ಕಿವಿಗೆ ಬಿತ್ತು. ಮೊದಲೂ ಇದ್ದಿರಬೇಕು, ಫ್ಯಾನಿನ ಅಬ್ಬರದಲ್ಲಿ ಮುಚ್ಚಿಹೋಗಿತ್ತು. ಗೇಮ್‌ಗಳ ಮೆನು ಪರದೆಯಲ್ಲಿ ಫ್ರೇಮ್‌ಗಳು ಸೆಕೆಂಡಿಗೆ ನೂರಾರು ದಾಟಿದಾಗ ಅದು ವಿಪರೀತವಾಗುತ್ತಿತ್ತು. 144 ಹರ್ಟ್ಸ್ ಮಾನಿಟರಿಗೆ ಫ್ರೇಮ್ ಮಿತಿಯನ್ನು 138ಕ್ಕೆ ಕಟ್ಟಿದ ಮೇಲೆ ಬಹುಮಟ್ಟಿಗೆ ನಿಂತಿದೆ, ಅಂಡರ್‌ವೋಲ್ಟಿನಿಂದಲೂ ಅದಕ್ಕೆ ಸಹಾಯವಾಗಿದೆ. ಒಂದೆರಡು ಗೇಮ್‌ಗಳ ಕೆಲವು ದೃಶ್ಯಗಳಲ್ಲಿ ಈಗಲೂ ಸಣ್ಣಗೆ ಕೇಳಿಸುತ್ತದೆ. ಬೇರೊಂದು ಎಸ್‌ಎಂಪಿಎಸ್ ಜೋಡಿಸಿದರೆ ಅದೇ ಕಾರ್ಡಿನ ಕಿರುಗುಟ್ಟುವಿಕೆ ಬದಲಾಗುತ್ತದೆಯೇ ಎಂದು ಪರೀಕ್ಷಿಸಲು ಗೆಳೆಯರೊಬ್ಬರಿಂದ ಒಂದನ್ನು ಕೇಳಿ ಇಟ್ಟಿದ್ದೇನೆ.